‘ನಾನು ಕೇಳುವ ಹಾಡು ಹೇಳಿಕೊಳ್ಳಲು ಮುಜುಗರ’

ನನಗೆ 52 ವರ್ಷ. ವಿಜಯನಗರದಲ್ಲಿ ಮನೆ, ಬ್ಯಾಂಕಿನಲ್ಲಿ ಕೆಲಸ. ಬಸವೇಶ್ವರನಗರದ ಗೆಳತಿಯ ಮನೆಯಲ್ಲಿ ತಿಂಗಳಿಗೊಂದು ಭಾನುವಾರ ಸಂಗೀತದ ಹುಚ್ಚಿರುವ ಏಳೆಂಟು ಮಂದಿ ಸೇರುತ್ತೇವೆ. ಈಗ ಯಾವ ಆಲ್ಬಂ ಕೇಳುತ್ತಿದ್ದೇವೆ ಎಂದು ಒಬ್ಬೊಬ್ಬರೂ ಹೇಳಿ, ಅದರಿಂದ ಒಂದು ಹಾಡು ಹಾಕುವುದು ರೂಢಿ. ಒಬ್ಬರು ಮಲ್ಲಿಕಾರ್ಜುನ ಮನ್ಸೂರರನ್ನು ತರುತ್ತಾರೆ, ಇನ್ನೊಬ್ಬರು ಪಿಂಕ್ ಫ್ಲಾಯ್ಡ್. ನಾನು ‘ನಿತ್ಯೋತ್ಸವ’ ಹಾಕಿದೆ. ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮಣ್ಣ ಮೊದಲ ಸಂಬಳದಲ್ಲಿ ತಂದ ಕ್ಯಾಸೆಟ್ ಅದು. ‘ಇನ್ನೂ ಇದರಲ್ಲೇ ಇದ್ದೀರಾ ಮೇಡಂ?’ ಎಂದರು ಒಬ್ಬರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಮುಂದಿನ ಸಲ ರಾತ್ರಿಯೆಲ್ಲ ಓದಿಕೊಂಡು ಹೋಗಿ, ಮೈಲ್ಸ್ ಡೇವಿಸ್‌ನ ‘ಕೈಂಡ್ ಆಫ್ ಬ್ಲೂ’ ಕೇಳುತ್ತಿದ್ದೇನೆ ಎಂದುಬಿಟ್ಟೆ. ‘ಅದರಲ್ಲಿ ಯಾವುದು ಹಿಡಿಸಿತು?’ ಎಂದು ಕೇಳಿದಾಗ ಬಾಯಿ ಕಟ್ಟಿಹೋಯಿತು. ಹೋದ ತಿಂಗಳು ಜ್ವರ ಎಂದು ಹೇಳಿ ಹೋಗಲಿಲ್ಲ. ಈಗ ಆ ಭಾನುವಾರ ಹತ್ತಿರ ಬಂದರೆ ನಿದ್ದೆ ಬರುವುದಿಲ್ಲ. ಮನೆಯಲ್ಲೂ ಹಾಡು ಹಾಕಲು ಮನಸ್ಸಾಗುವುದಿಲ್ಲ. ‘ಇಷ್ಟಕ್ಕೆಲ್ಲ ಯಾಕೆ ತಲೆ ಕೆಡಿಸಿಕೊಳ್ತೀಯ, ಬಿಟ್ಟುಬಿಡು’ ಎನ್ನುತ್ತಾರೆ ನಮ್ಮ ಮನೆಯವರು. ನನ್ನ ಅಭಿರುಚಿಯೇ ಕಡಿಮೆಯದೇ? ಅಲ್ಲಿಗೆ ಹೋಗುವುದನ್ನು ನಿಲ್ಲಿಸಲೇ?

— ಓದುಗರು, ವಿಜಯನಗರ

‘ನಾನೂ ನಕ್ಕೆ’ ಎಂದು ಬರೆದಿದ್ದೀರಿ. ನಿಮ್ಮ ಪತ್ರವನ್ನು ಓದುತ್ತ ನಾನು ಅಲ್ಲೇ ಬಹಳ ಹೊತ್ತು ನಿಂತೆ. ನೋವಾದ ಗಳಿಗೆಯಲ್ಲಿ ನೋವಾಯಿತು ಎಂದು ಹೇಳಲಾಗದೆ, ನೋಯಿಸಿದವರ ಜೊತೆಗೇ ನಗಬೇಕಾಗಿ ಬಂದಾಗ ಆ ನೋವು ಎರಡರಷ್ಟಾಗುತ್ತದೆ. ಆಮೇಲೆ ನಿದ್ದೆ ಕೆಡುವುದು, ಹಾಡೇ ಬೇಡವೆನಿಸುವುದು ಸಹಜ. ನಿಮ್ಮ ಯಜಮಾನರು ಹೇಳಿದ್ದು ನಿಮ್ಮ ಮೇಲಿನ ಕಾಳಜಿಯಿಂದಲೇ. ಆದರೆ ಇದನ್ನು ‘ಇಷ್ಟಕ್ಕೆಲ್ಲ’ ಎನ್ನುವಷ್ಟು ಸಣ್ಣ ವಿಷಯವೆಂದು ನಾನು ಭಾವಿಸುವುದಿಲ್ಲ. ನೀವು ಅಂದು ಆ ಕೋಣೆಗೆ ತಂದದ್ದು ನಿಮ್ಮಣ್ಣನ ಮೊದಲ ಸಂಬಳವನ್ನು, ನಿಮ್ಮ ಹೈಸ್ಕೂಲಿನ ದಿನಗಳನ್ನು. ಅಲ್ಲಿದ್ದವರಿಗೆ ಅದು ಗೊತ್ತಿರಲಿಲ್ಲ. ಅವರಿಗೆ ಕೇಳಿಸಿದ್ದು ಒಂದು ಹಳೆಯ ಹಾಡು ಮಾತ್ರ.

ಈಗ ನಿಮ್ಮ ಮೊದಲ ಪ್ರಶ್ನೆಗೆ ನೇರವಾಗಿ ಬರುತ್ತೇನೆ. ಇಲ್ಲ, ನಿಮ್ಮ ಅಭಿರುಚಿ ಕಡಿಮೆಯದಲ್ಲ. ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ ಬಂದದ್ದು 1978ರಲ್ಲಿ. ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿ ಎಂದೇ ಅದನ್ನು ಗುರುತಿಸುತ್ತಾರೆ. ಕವನ ಸಂಕಲನವನ್ನು ಕೈಯಲ್ಲಿ ಹಿಡಿಯದ ಎಷ್ಟೋ ಮನೆಗಳಿಗೆ ಕವಿತೆ ಹೋದದ್ದು ಇಂಥ ಕ್ಯಾಸೆಟ್ಟುಗಳ ಮೂಲಕ. ಕುವೆಂಪು ಅವರ ನಾಡಗೀತೆಯನ್ನು ಇದೇ ಅನಂತಸ್ವಾಮಿಯವರ ಧಾಟಿಯಲ್ಲಿ ಹಾಡಬೇಕೆಂದು ಸರ್ಕಾರ 2022ರಲ್ಲಿ ಆದೇಶ ಮಾಡಿತು. ಇನ್ನು ನಿಮ್ಮ ಸ್ನೇಹಿತರು ಪ್ರೀತಿಸುವ ಮನ್ಸೂರರ ವಿಷಯ. ಅಪರೂಪದ ರಾಗಗಳನ್ನು ಹಾಡಿದ ಆ ಕಂಠವೇ ವಚನಗಳನ್ನೂ ಹಾಡಿತು. ಭೀಮಸೇನ ಜೋಶಿಯವರು ಖಯಾಲ್ ಹಾಡಿದಷ್ಟೇ ಮನಸ್ಸಿಟ್ಟು ದಾಸರ ಪದಗಳನ್ನು ಹಾಡಿದರು. ದೊಡ್ಡ ಕಲಾವಿದರು ಕಟ್ಟದ ಗೋಡೆಯನ್ನು ಕೇಳುಗರಾದ ನಾವು ಯಾಕೆ ಕಟ್ಟಿಕೊಳ್ಳಬೇಕು?

ಇನ್ನೊಂದು ಸಂಗತಿಯನ್ನು ನೀವು ಗಮನಿಸಿಲ್ಲ ಅನಿಸುತ್ತದೆ. ಮನೆಯಲ್ಲಿ ನಾಲ್ಕಾರು ಕ್ಯಾಸೆಟ್ ಇದ್ದ ಕಾಲದಲ್ಲಿ ಒಂದು ಬದಿ ಮುಗಿದರೆ ತಿರುಗಿಸಿ ಹಾಕುತ್ತಿದ್ದೆವು, ಮುಗಿದ ಮೇಲೆ ಮತ್ತೆ ಮೊದಲಿನಿಂದ. ಒಂದು ಹಾಡು ಮುಗಿಯುತ್ತಿದ್ದ ಹಾಗೇ ಮುಂದಿನ ಹಾಡಿನ ಶ್ರುತಿ ಮನಸ್ಸಿನಲ್ಲಿ ಎದ್ದಿರುತ್ತಿತ್ತು. ಒಂದು ಆಲ್ಬಮ್ಮನ್ನು ಪೂರ್ತಿಯಾಗಿ ಕೇಳುವುದು ಎಂದರೆ ಅದೇ ಅಲ್ಲವೇ? ವಾರಕ್ಕೊಂದು ಹೊಸ ಹೆಸರು ಹೇಳಬಲ್ಲವರೆಲ್ಲರಿಗೂ ಆ ಸಲಿಗೆ ಇರುವುದಿಲ್ಲ. ಹರೆಯದಲ್ಲಿ ಕೇಳಿದ ಹಾಡು ಜೀವನವಿಡೀ ಗಾಢವಾಗಿ ಉಳಿಯುತ್ತದೆ ಎಂಬುದು ಮನಶ್ಶಾಸ್ತ್ರದ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡಿರುವ ಮಾತು. ‘ಇನ್ನೂ ಇದರಲ್ಲೇ’ ಇರುವವರು ನೀವೊಬ್ಬರೇ ಅಲ್ಲ. ನಕ್ಕವರ ಮನೆಯಲ್ಲೂ ಅಂಥದೊಂದು ಹಾಡು ಇದ್ದೇ ಇರುತ್ತದೆ.

ನಿಮಗೆ ಆಕಾಶವಾಣಿಯ ಕೋರಿಕೆ ಕಾರ್ಯಕ್ರಮಗಳ ನೆನಪಿರಬಹುದು. ಪೋಸ್ಟ್ ಕಾರ್ಡಿನಲ್ಲಿ ಹಾಡಿನ ಹೆಸರು, ಕೆಳಗೆ ಮನೆಮಂದಿ, ಪಕ್ಕದ ಮನೆಯವರು, ಊರಿನ ಗೆಳೆಯರ ಹೆಸರೆಲ್ಲ. ಒಂದೇ ಹಾಡನ್ನು ಕಂಡರಿಯದ ಹತ್ತು ಊರಿನವರು ಕೇಳಿರುತ್ತಿದ್ದರು. ಆ ಹೆಸರುಗಳಿಗೆ ಯಾರೂ ಅಂಕ ಹಾಕುತ್ತಿರಲಿಲ್ಲ. ನಿಮ್ಮ ಭಾನುವಾರದ ಕೂಟವೂ ಶುರುವಾದದ್ದು ಬಹುಶಃ ಅದೇ ಆಸೆಯಿಂದ. ನಡುವೆ ಎಲ್ಲೋ ಅದು ಪರೀಕ್ಷೆಯ ಹಾಗೆ ಆಗಿದೆ. ಅದು ನಿಮಗೊಬ್ಬರಿಗೇ ಹಾಗನಿಸುತ್ತಿದೆ ಎಂದು ನಾನು ನಂಬುವುದಿಲ್ಲ.

ಕೇಳದ ಆಲ್ಬಮ್ಮನ್ನು ಕೇಳಿದೆ ಎಂದ ಬಗ್ಗೆ ನಿಮಗಿರುವ ನಾಚಿಕೆ ಪತ್ರದಲ್ಲಿ ಕಾಣುತ್ತದೆ. ಮನಸ್ಸು ಮತ್ತೊಮ್ಮೆ ಪೆಟ್ಟು ಬೀಳಬಾರದೆಂದು ಅಡ್ಡ ಹಿಡಿದ ಕೈ ಅದು, ಅಷ್ಟೇ. ಆದರೂ ಒಂದು ಮಾತು ಹೇಳಲೇಬೇಕು: ಇದನ್ನು ಮುಂದುವರಿಸಬೇಡಿ. ಯಾರಿಗೋ ಮೋಸವಾಯಿತು ಎಂಬ ಕಾರಣಕ್ಕಲ್ಲ. ನೀವಲ್ಲದ ಒಬ್ಬರನ್ನು ಅವರು ಮೆಚ್ಚಿಕೊಂಡರೂ ಆ ಮೆಚ್ಚುಗೆ ನಿಮ್ಮನ್ನು ತಲುಪುವುದಿಲ್ಲ. ಕೋಣೆ ತುಂಬ ಜನರಿದ್ದರೂ ಒಂಟಿಯಾಗಿಯೇ ಉಳಿಯುತ್ತೀರಿ.

ಸದ್ಯಕ್ಕೆ ಹಾಡು ಬೇಡವೆನಿಸಿದರೆ ಬಲವಂತ ಮಾಡಿಕೊಳ್ಳಬೇಡಿ. ಅದು ತಾನಾಗಿ ಮರಳುತ್ತದೆ. ಅಡುಗೆಮನೆಯಲ್ಲಿ ರೇಡಿಯೊ ಸಣ್ಣಗೆ ಹಚ್ಚಿಡಿ. ನೀವು ಆರಿಸದ ಹಾಡು ಕೇಳುವಾಗ ಆಯ್ಕೆಯ ಭಾರ ಇರುವುದಿಲ್ಲ. ಆಮೇಲೆ ಒಂದು ದಿನ, ಕೆಲಸಕ್ಕೆ ಹೋಗುವ ಹೊತ್ತಿನಲ್ಲೋ ಮಲಗುವ ಮುಂಚೆಯೋ, ‘ನಿತ್ಯೋತ್ಸವ’ದ ಒಂದೇ ಹಾಡು ಕೇಳಿ. ನಿಮ್ಮಣ್ಣನ ಜೊತೆ ಮಾತಾಡುವ ಅವಕಾಶವಿದ್ದರೆ ಆ ಕ್ಯಾಸೆಟ್ಟಿನ ಬಗ್ಗೆ ಅವರನ್ನು ಕೇಳಿ. ನಿಮಗೆ ಗೊತ್ತಿಲ್ಲದ ಏನಾದರೂ ಹೇಳಿಯಾರು.

ಮುಂದಿನ ಭಾನುವಾರಕ್ಕೆ ಮೊದಲು, ಕೂಟ ನಡೆಯುವ ಮನೆಯ ಗೆಳತಿಯ ಜೊತೆ ಮಾತ್ರ ಮಾತಾಡಿ. ಎಲ್ಲರ ಮುಂದೆ ತಪ್ಪೊಪ್ಪಿಗೆ ಬೇಕಿಲ್ಲ. ‘ಅವತ್ತು ಎಲ್ಲರೂ ನಕ್ಕಾಗ ನನಗೆ ಬೇಜಾರಾಯ್ತು ಕಣೇ. ಆಮೇಲೆ ಕೇಳದೇ ಇರೋದನ್ನ ಕೇಳಿದೀನಿ ಅಂದೆ’ ಎಂದರೆ ಸಾಕು. ಹೇಳಿದ ಕೂಡಲೇ ಅರ್ಧ ಭಾರ ಇಳಿದಿರುತ್ತದೆ. ‘ಇನ್ನೂ ಇದರಲ್ಲೇ ಇದ್ದೀರಾ’ ಎಂದವರು ಸಲಿಗೆಯಿಂದ ಅಂದಿರಬಹುದು. ನಿಮಗೆ ನೋವಾದದ್ದು ಅವರಿಗೆ ತಿಳಿಯದೆಯೇ ಇರಬಹುದು, ಯಾಕೆಂದರೆ ನೀವೂ ನಕ್ಕಿರಿ. ಸಮಯ ನೋಡಿ ಅವರಿಗೂ ಮೆತ್ತಗೆ ಹೇಳಿ.

ಕೂಟಕ್ಕೆ ಹೋದಾಗ ಆಲ್ಬಮ್ಮಿನ ಹೆಸರಿನಿಂದ ಶುರು ಮಾಡಬೇಡಿ. ಅಣ್ಣನ ಮೊದಲ ಸಂಬಳದ ಕಥೆ ಹೇಳಿ, ಆಮೇಲೆ ಹಾಡು ಹಾಕಿ. ಯಾರಾದರೂ ನಿಮಗೆ ಗೊತ್ತಿಲ್ಲದ್ದನ್ನು ತಂದರೆ ‘ನಾನು ಇದನ್ನು ಕೇಳಿಲ್ಲ, ಎಲ್ಲಿಂದ ಶುರು ಮಾಡಲಿ?’ ಎಂದು ಕೇಳಿ. ಸಂಗೀತದ ಹುಚ್ಚಿರುವವರಿಗೆ ಇದಕ್ಕಿಂತ ಸಂತೋಷ ಕೊಡುವ ಪ್ರಶ್ನೆ ಇಲ್ಲ. ಅಂದ ಹಾಗೆ, 1959ರಲ್ಲಿ ಬಂದ ‘ಕೈಂಡ್ ಆಫ್ ಬ್ಲೂ’ದಲ್ಲಿ ಇರುವುದು ಐದೇ ರಚನೆ. ಮನಸ್ಸಾದರೆ ಮೊದಲನೆಯದಾದ ‘ಸೋ ವಾಟ್’ ಒಂದನ್ನೇ ಕೇಳಿ ನೋಡಿ. ಹಿಡಿಸದಿದ್ದರೆ ಹಿಡಿಸಲಿಲ್ಲ ಎನ್ನಿ.

ಇಂಥ ಪತ್ರಗಳನ್ನು ಕಾಲೇಜು ಮಕ್ಕಳೂ ಬರೆಯುತ್ತಾರೆ. ಗೆಳೆಯರು ಕೊರಿಯನ್ ಹಾಡು ಕೇಳುವಾಗ ತಾನು ಹಂಸಲೇಖ ಅವರ ‘ಪ್ರೇಮಲೋಕ’ ಕೇಳುತ್ತೇನೆ ಎನ್ನಲು ಹಿಂಜರಿಯುವ ಹುಡುಗನಿದ್ದಾನೆ. ಅಪ್ಪ ಅಮ್ಮನ ಮುಂದೆ ರ‍್ಯಾಪ್ ಹಾಕಲು ಅಂಜುವ ಹುಡುಗಿಯೂ ಇದ್ದಾಳೆ. ಇದನ್ನು ಓದುತ್ತಿರುವ ಎಲ್ಲರಲ್ಲೂ ನನ್ನ ಕೋರಿಕೆ: ಒಬ್ಬರು ತಮ್ಮ ಹಾಡು ಹಾಕಿದಾಗ ಅದು ಮುಗಿಯುವವರೆಗೆ ಫೋನ್ ಕೆಳಗಿಡಿ. ಮುಗಿದ ಮೇಲೆ ‘ಇದು ನಿಮಗೆ ಯಾಕೆ ಇಷ್ಟ?’ ಎಂದು ಕೇಳಿ.

ನಿಮ್ಮ ನಿದ್ದೆಯ ವಿಷಯ ಮಾತ್ರ ಹಗುರವಾಗಿ ಬಿಡುವಂಥದ್ದಲ್ಲ. ಐವತ್ತರ ಆಸುಪಾಸಿನಲ್ಲಿ ಮುಟ್ಟು ನಿಲ್ಲುವ ಹೊತ್ತಿನ ಬದಲಾವಣೆಗಳಿಂದಲೂ ನಿದ್ದೆ ಕೆಡುತ್ತದೆ, ಮನಸ್ಸು ಬೇಗ ಕಲಕುತ್ತದೆ. ನಿಮ್ಮ ವೈದ್ಯರಿಗೆ ಒಮ್ಮೆ ತೋರಿಸಿ. ಎರಡು ವಾರ ಕಳೆದರೂ ಯಾವುದರಲ್ಲೂ ಆಸಕ್ತಿ ಬಾರದಿದ್ದರೆ, ಊಟ ಸೇರದಿದ್ದರೆ, ‘ನನ್ನಿಂದ ಏನೂ ಆಗದು’ ಎಂಬ ಯೋಚನೆ ಬಿಡದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಎನ್ನದೆ, ಹಣವಿಲ್ಲದೆ, ಕನ್ನಡದಲ್ಲೇ ಮಾತಾಡಬಹುದು.

ಕೂಟ ಬಿಡಬೇಕೇ ಎಂಬುದನ್ನು ಈಗಲೇ ತೀರ್ಮಾನಿಸಬೇಡಿ. ಈ ಮಾತುಗಳನ್ನೆಲ್ಲ ಆಡಿದ ಮೇಲೆ ಇನ್ನೆರಡು ಭಾನುವಾರ ಹೋಗಿ ನೋಡಿ. ಆಗಲೂ ಮನಸ್ಸು ಮುದುಡಿಯೇ ಹಿಂತಿರುಗಿದರೆ, ಜ್ವರದ ನೆಪ ಹೇಳದೆ, ಗೆಳತಿಗೆ ತಿಳಿಸಿ ನಿಲ್ಲಿಸಿ. ನಿಮ್ಮಿಬ್ಬರ ಸ್ನೇಹಕ್ಕೆ ಆ ಕೂಟ ಬೇಕೇ ಬೇಕು ಎಂದೇನಿಲ್ಲ. ಬೇರೊಂದು ದಿನ ಅವರನ್ನೊಬ್ಬರನ್ನೇ ವಿಜಯನಗರದ ಮನೆಗೆ ಕರೆದು, ಇಬ್ಬರೇ ಕೂತು ಒಂದು ಆಲ್ಬಂ ಪೂರ್ತಿ ಕೇಳಬಹುದು.