ದೇಹದೊಳಗಿನ ದರ್ಶನ: ವೈದ್ಯಕೀಯ ಚಿತ್ರಪರೀಕ್ಷೆಗಳು ಮತ್ತು ರೋಗಿಯ ಸಿದ್ಧತೆ

‘ಪರೀಕ್ಷೆ’ ಎಂಬ ಪದವು ‘ಪರಿ’ ಎಂಬ ಉಪಸರ್ಗವೂ ‘ಈಕ್ಷ್’ ಎಂಬ ಧಾತುವೂ ಸೇರಿ ಆದುದು. ಸುತ್ತಲೂ ನೋಡುವುದು, ಎಲ್ಲ ಕಡೆಯಿಂದಲೂ ನೋಡುವುದು ಎಂಬುದು ಅದರ ಮೂಲಾರ್ಥ. ದರ್ಶನ, ಸ್ಪರ್ಶನ, ಪ್ರಶ್ನ ಎಂಬ ಮೂರು ಬಗೆಗಳಿಂದ ರೋಗಿಯನ್ನು ಪರೀಕ್ಷಿಸಬೇಕೆಂದು ವಾಗ್ಭಟನ ಅಷ್ಟಾಂಗಹೃದಯವು ವಿಧಿಸುತ್ತದೆ. ಇಂದಿನ ವೈದ್ಯರೂ ಈ ಮೂರನ್ನು ಬಿಟ್ಟಿಲ್ಲ. ಆದರೆ ಹಿಂದೆ ಚರ್ಮದ ಮೇಲೆಯೇ ನಿಲ್ಲುತ್ತಿದ್ದ ದರ್ಶನವು ಈಗ ಅಸ್ಥಿ, ಮಾಂಸ, ಮಜ್ಜೆಗಳನ್ನು ದಾಟಿ ಒಳಗೆ ಪ್ರವೇಶಿಸಿದೆ.

ಈ ಸೌಕರ್ಯವು ತಾಲ್ಲೂಕು ಕೇಂದ್ರಗಳವರೆಗೂ ಬಂದಿದ್ದರೂ ಅದರ ಬಗೆಗಿನ ತಿಳಿವಳಿಕೆ ಅಷ್ಟು ದೂರ ಬಂದಿಲ್ಲ. ಯಂತ್ರದ ಹೆಸರು ಕೇಳಿಯೇ ಹೆದರಿ ಪರೀಕ್ಷೆಯನ್ನು ಮುಂದೂಡಿ ರೋಗವನ್ನು ಬೆಳೆಸಿಕೊಳ್ಳುವವರು ಕೆಲವರು. ಸ್ಕ್ಯಾನಿಂಗ್ ಆದರೆ ಅರ್ಧ ರೋಗ ವಾಸಿಯಾದಂತೆಯೇ ಎಂದು ಭಾವಿಸಿ, ವೈದ್ಯರು ಬೇಡವೆಂದರೂ ಒತ್ತಾಯಿಸುವವರು ಮತ್ತೆ ಕೆಲವರು. ಎರಡಕ್ಕೂ ಅಜ್ಞಾನವೇ ಮೂಲ. ಯಂತ್ರವು ಎಷ್ಟೇ ಉತ್ತಮವಾಗಿರಲಿ, ರೋಗಿಯ ಸಹಕಾರವಿಲ್ಲದೆ ಚಿತ್ರವು ಸ್ಫುಟವಾಗಲಾರದು. ರೋಗಿಯ ಸತ್ಯವಚನವಿಲ್ಲದೆ ಪರೀಕ್ಷೆಯು ಕ್ಷೇಮಕರವಾಗಲಾರದು. ಆದುದರಿಂದ ಯಾವ ಪರೀಕ್ಷೆಯಲ್ಲಿ ಏನು ನಡೆಯುತ್ತದೆ, ರೋಗಿಯಿಂದ ಅದು ಏನನ್ನು ಬಯಸುತ್ತದೆ ಎಂಬುದನ್ನು ಸಂಗ್ರಹವಾಗಿ ಇಲ್ಲಿ ವಿವರಿಸಲಾಗಿದೆ.

ಕ್ಷ-ಕಿರಣ

1895ರ ನವೆಂಬರ್ 8ರಂದು ಜರ್ಮನಿಯ ವುರ್ಟ್ಸ್‌ಬರ್ಗ್ ನಗರದಲ್ಲಿ ವಿಲ್ಹೆಲ್ಮ್ ರಾಂಟ್‌ಜೆನ್ ಎಂಬ ವಿಜ್ಞಾನಿಯು ಈ ಕಿರಣವನ್ನು ಕಂಡನು. ಅದರ ಸ್ವರೂಪವು ಅಜ್ಞಾತವಾಗಿದ್ದುದರಿಂದ ಗಣಿತದಲ್ಲಿ ಅಜ್ಞಾತವನ್ನು ಸೂಚಿಸುವ ಎಕ್ಸ್ ಅಕ್ಷರವನ್ನೇ ಅದಕ್ಕೆ ಹೆಸರಾಗಿ ಇಟ್ಟನು. ಕನ್ನಡದ ಪಠ್ಯಗಳಲ್ಲಿ ಅದು ಕ್ಷ-ಕಿರಣವಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಆತನು ತೆಗೆದ ಪತ್ನಿಯ ಕೈಯ ಚಿತ್ರದಲ್ಲಿ ಬೆರಳ ಮೂಳೆಗಳೊಡನೆ ಉಂಗುರವೂ ಕಾಣಿಸಿತು. ಲೋಹವು ಈ ಕಿರಣವನ್ನು ತಡೆಯುತ್ತದೆಂಬ ಪಾಠವು ಆ ಚಿತ್ರದಲ್ಲಿಯೇ ಇದೆ.

ಆದುದರಿಂದಲೇ ಎದೆಯ ಚಿತ್ರ ತೆಗೆಯುವಾಗ ಸರ, ತಾಳಿ, ಲೋಹದ ಗುಂಡಿಗಳನ್ನು ತೆಗೆದಿಡಲು ಹೇಳುತ್ತಾರೆ. ಎದೆಯ ಮೇಲೆ ಬೆಳ್ಳಿಯ ಕರಡಿಗೆ ಧರಿಸಿದವರ ಚಿತ್ರದಲ್ಲಿ ಅದರ ನೆರಳು ಶ್ವಾಸಕೋಶದ ಮೇಲೆ ಬಿದ್ದು, ಅಲ್ಲಿರುವ ದೋಷವನ್ನು ಮರೆಮಾಡಬಹುದು. ಅದನ್ನು ಅಗಲಿಸಲು ಮನಸ್ಸು ಒಪ್ಪದವರು ಆ ಸಂಕೋಚವನ್ನು ಮೊದಲೇ ಹೇಳಿಕೊಂಡರೆ, ಪರೀಕ್ಷೆ ಮುಗಿಯುವವರೆಗೆ ಅದನ್ನು ಯಾರ ಕೈಯಲ್ಲಿ, ಹೇಗೆ ಇರಿಸಬೇಕೆಂಬುದನ್ನು ಅವಸರವಿಲ್ಲದೆ ನಿಶ್ಚಯಿಸಬಹುದು. ಪರೀಕ್ಷೆಯು ಕೆಲವೇ ನಿಮಿಷಗಳದು. ಉಸಿರನ್ನು ಪೂರ್ಣವಾಗಿ ಎಳೆದು ಕ್ಷಣಕಾಲ ಹಿಡಿಯಬೇಕು, ನೋವೇನೂ ಇಲ್ಲ.

ಸ್ತನಗಳ ಕ್ಷ-ಕಿರಣ ಪರೀಕ್ಷೆಗೆ ಮ್ಯಾಮೊಗ್ರಾಂ ಎಂದು ಹೆಸರು. ಅದರಲ್ಲಿ ಸ್ತನವನ್ನು ಎರಡು ಫಲಕಗಳ ನಡುವೆ ಕೆಲವು ಸೆಕೆಂಡುಗಳ ಕಾಲ ಒತ್ತಿ ಹಿಡಿಯುತ್ತಾರೆ. ತುಸು ನೋವಾಗುವುದು ಸಹಜ. ಒತ್ತಡವಿಲ್ಲದಿದ್ದರೆ ಸಣ್ಣ ಗಂಟು ಕಾಣದೆ ಹೋಗಬಹುದು. ಋತುಸ್ರಾವದ ನಂತರದ ವಾರದಲ್ಲಿ ಮಾಡಿಸಿದರೆ ನೋವು ಕಡಿಮೆ. ಆ ದಿನ ಎದೆಗೂ ಕಂಕುಳಿಗೂ ಪೌಡರ್ ಹಚ್ಚಬಾರದು. ಅದರ ಕಣಗಳು ಚಿತ್ರದಲ್ಲಿ ರೋಗದ ಚುಕ್ಕೆಗಳಂತೆ ತೋರಬಹುದು.

ಅಲ್ಟ್ರಾಸೌಂಡ್

ಜನರು ಬರಿದೆ ‘ಸ್ಕ್ಯಾನಿಂಗ್’ ಎನ್ನುವಾಗ ಬಹುಮಟ್ಟಿಗೆ ಇದನ್ನೇ ಸೂಚಿಸುತ್ತಾರೆ. ಕಿವಿಗೆ ಕೇಳಿಸದ ಸೂಕ್ಷ್ಮಧ್ವನಿಯನ್ನು ದೇಹದೊಳಗೆ ಕಳುಹಿಸಿ, ಹಿಂದಿರುಗುವ ಪ್ರತಿಧ್ವನಿಯಿಂದ ಚಿತ್ರ ರಚಿಸುವ ವಿಧಾನವಿದು. ಗ್ಲಾಸ್ಗೋ ನಗರದ ಪ್ರಸೂತಿತಜ್ಞ ಇಯಾನ್ ಡೊನಾಲ್ಡ್ ಮತ್ತು ಸಂಗಡಿಗರು 1958ರಲ್ಲಿ ಇದರ ಉಪಯೋಗವನ್ನು ಪ್ರಕಟಿಸಿದರು. ಇದರಲ್ಲಿ ಕ್ಷ-ಕಿರಣವಿಲ್ಲ, ಆದುದರಿಂದ ಗರ್ಭಿಣಿಯರಿಗೆ ಇದೇ ಮೊದಲ ಆಯ್ಕೆ.

ಗಾಳಿಯು ಈ ಧ್ವನಿಗೆ ಅಡ್ಡಿಯಾಗುವುದರಿಂದ ಚರ್ಮಕ್ಕೆ ತಣ್ಣನೆಯ ಲೋಳೆಯಂತಹ ದ್ರವ್ಯವನ್ನು ಹಚ್ಚಿ ಉಪಕರಣವನ್ನು ಆಡಿಸುತ್ತಾರೆ. ಪಿತ್ತಕೋಶವನ್ನು ನೋಡಬೇಕಾದರೆ ಬರಿಹೊಟ್ಟೆಯಲ್ಲಿ ಬರಲು ಹೇಳುತ್ತಾರೆ. ಊಟ ಮಾಡಿದರೆ ಅದು ಕುಗ್ಗಿಬಿಡುತ್ತದೆ. ಗರ್ಭಾಶಯವನ್ನು ನೋಡಬೇಕಾದರೆ ನೀರು ಕುಡಿದು ಮೂತ್ರ ತಡೆದು ಬರಲು ಹೇಳುತ್ತಾರೆ. ತುಂಬಿದ ಮೂತ್ರಕೋಶವು ಕರುಳನ್ನು ಸರಿಸಿ ಒಳಗಿನದನ್ನು ಕಾಣುವಂತೆ ಮಾಡುತ್ತದೆ. ಕಾರಣ ತಿಳಿಯದೆ ಈ ಸೂಚನೆಗಳನ್ನು ಕಡೆಗಣಿಸಿದವರು ಮತ್ತೊಂದು ದಿನ ಬರಬೇಕಾಗುತ್ತದೆ.

ಗರ್ಭದ ಲಿಂಗವನ್ನು ಕೇಳುವುದೂ ತಿಳಿಸುವುದೂ ನಮ್ಮ ದೇಶದಲ್ಲಿ 1994ರ ಕಾಯಿದೆಯ ಮೇರೆಗೆ ಅಪರಾಧ. ಗರ್ಭಿಣಿಯು ತಾನು ಅದನ್ನು ತಿಳಿಯಬಯಸುವುದಿಲ್ಲವೆಂದು ಸಹಿ ಮಾಡಬೇಕಾಗುತ್ತದೆ.

ಸಿ.ಟಿ. ಸ್ಕ್ಯಾನ್

ಸುತ್ತಲೂ ನೋಡುವುದೆಂಬ ಪರೀಕ್ಷಾಶಬ್ದದ ಅರ್ಥವು ಅಕ್ಷರಶಃ ಸಾರ್ಥಕವಾದುದು ಇಲ್ಲಿ. ಕ್ಷ-ಕಿರಣದ ಕೊಳವೆಯು ರೋಗಿಯ ಸುತ್ತ ತಿರುಗುತ್ತ ಎಲ್ಲ ಕಡೆಗಳಿಂದ ನೋಡುತ್ತದೆ. ಗಣಕಯಂತ್ರವು ಅವನ್ನೆಲ್ಲ ಕೂಡಿಸಿ ದೇಹವನ್ನು ತೆಳುವಾದ ಪದರಗಳಾಗಿ ತೋರಿಸುತ್ತದೆ. ಗಾಡ್‌ಫ್ರಿ ಹೌನ್ಸ್‌ಫೀಲ್ಡ್ ನಿರ್ಮಿಸಿದ ಈ ಯಂತ್ರದಲ್ಲಿ 1971ರ ಅಕ್ಟೋಬರಿನಲ್ಲಿ ಲಂಡನ್ನಿನಲ್ಲಿ ಮೊದಲ ರೋಗಿಯ ತಲೆಯನ್ನು ಪರೀಕ್ಷಿಸಲಾಯಿತು. 1979ರಲ್ಲಿ ಆತನಿಗೂ ಅಲನ್ ಕಾರ್ಮ್ಯಾಕನಿಗೂ ನೊಬೆಲ್ ಪಾರಿತೋಷಕ ದೊರೆಯಿತು.

ಯಂತ್ರವು ದೊಡ್ಡ ಬಳೆಯ ಆಕಾರದಲ್ಲಿದೆ. ಮಲಗಿದ ಹಲಗೆಯು ಅದರೊಳಗೆ ಸರಿಯುತ್ತದೆ. ಚಿತ್ರ ತೆಗೆಯುವುದು ಸೆಕೆಂಡುಗಳ ಕೆಲಸ. ಅಪಘಾತ, ಪಾರ್ಶ್ವವಾಯುಗಳಂತಹ ತುರ್ತಿನಲ್ಲಿ ಈ ಶೀಘ್ರತೆಯೇ ಪ್ರಾಣರಕ್ಷಕ. ರಕ್ತನಾಳಗಳು ಎದ್ದು ಕಾಣಲೆಂದು ಅಯೋಡಿನ್ ಇರುವ ಔಷಧವನ್ನು ನರಕ್ಕೆ ಚುಚ್ಚುವುದುಂಟು. ಆಗ ಮೈಯೆಲ್ಲ ಬಿಸಿಯೇರಿದಂತೆ, ಬಾಯಿಗೆ ಲೋಹದ ರುಚಿ ಬಂದಂತೆ, ಮೂತ್ರ ಹೊರಟಂತೆ ಅನ್ನಿಸುತ್ತದೆ. ಮೊದಲೇ ತಿಳಿಯದವರು ಗಾಬರಿಯಿಂದ ಅಲುಗಾಡಿ ಚಿತ್ರವನ್ನು ಕೆಡಿಸುತ್ತಾರೆ. ತಿಳಿದವರು ಅದು ಒಂದೆರಡು ನಿಮಿಷಗಳಲ್ಲಿ ಇಳಿಯುವುದೆಂದು ಸುಮ್ಮನಿರುತ್ತಾರೆ. ಆದರೆ ತುರಿಕೆಯಾಗಲಿ ಉಸಿರಿನ ತೊಂದರೆಯಾಗಲಿ ಕಂಡರೆ ಕೂಡಲೇ ಹೇಳಬೇಕು. ಹಿಂದೆ ಇಂತಹ ಔಷಧ ಒಗ್ಗದಿದ್ದರೆ, ಮೂತ್ರಪಿಂಡದ ರೋಗವಿದ್ದರೆ, ಮಧುಮೇಹಕ್ಕೆ ಮೆಟ್‌ಫಾರ್ಮಿನ್ ಸೇವಿಸುತ್ತಿದ್ದರೆ ಅದನ್ನು ಮುಚ್ಚಿಡಬಾರದು.

ಎಂ.ಆರ್.ಐ.

ಇದು ಬಲಿಷ್ಠವಾದ ಅಯಸ್ಕಾಂತ ಮತ್ತು ರೇಡಿಯೋ ತರಂಗಗಳ ಪರೀಕ್ಷೆ. ಇಲ್ಲಿಯೂ ಕ್ಷ-ಕಿರಣವಿಲ್ಲ. ಮಿದುಳು, ಬೆನ್ನುಹುರಿ, ಕೀಲುಗಳ ಮೃದುಭಾಗಗಳು ಇದರಲ್ಲಿ ಸ್ಪಷ್ಟವಾಗಿ ಕಾಣುತ್ತವೆ. ಪಾಲ್ ಲಾಟರ್ಬರ್ ಮತ್ತು ಪೀಟರ್ ಮ್ಯಾನ್ಸ್‌ಫೀಲ್ಡ್ 2003ರಲ್ಲಿ ಇದಕ್ಕಾಗಿ ನೊಬೆಲ್ ಪಡೆದರು.

ಸಾಮಾನ್ಯವಾಗಿ ಬಳಕೆಯಲ್ಲಿರುವ ಯಂತ್ರದ ಕಾಂತಬಲ 1.5 ಟೆಸ್ಲಾ; ಅದು ಭೂಮಿಯ ಕಾಂತಬಲಕ್ಕಿಂತ ಸುಮಾರು 30,000 ಪಟ್ಟು ಹೆಚ್ಚು. ಯಂತ್ರವು ಸದ್ದಿಲ್ಲದೆ ನಿಂತಿರುವಾಗಲೂ ಈ ಆಕರ್ಷಣೆ ಇದ್ದೇ ಇರುತ್ತದೆ. ಕಬ್ಬಿಣದ ಕುರ್ಚಿ, ಆಮ್ಲಜನಕದ ಸಿಲಿಂಡರ್ ಮುಂತಾದುವು ಕೋಣೆಯೊಳಗೆ ಬಂದರೆ ಬಾಣದಂತೆ ಹಾರಿ ಪ್ರಾಣಕ್ಕೇ ಸಂಚಕಾರ ತರಬಲ್ಲವು. ಬಾಗಿಲಲ್ಲಿ ಕೇಳುವ ಪ್ರಶ್ನೆಗಳು ಬರಿಯ ಉಪಚಾರವಲ್ಲ. ಹೃದಯದ ಪೇಸ್‌ಮೇಕರ್, ಮಿದುಳಿನ ರಕ್ತನಾಳಕ್ಕೆ ಹಾಕಿದ ಕ್ಲಿಪ್, ಕಿವಿಯೊಳಗೆ ಇರಿಸಿದ ಶ್ರವಣಯಂತ್ರ ಇವುಗಳಲ್ಲಿ ಯಾವುದಿದ್ದರೂ ಹೇಳಲೇಬೇಕು. ಈಚಿನವು ಕೆಲವು ಈ ಯಂತ್ರಕ್ಕೆ ಹೊಂದುತ್ತವೆ. ಅದನ್ನು ತಜ್ಞರು ದಾಖಲೆ ನೋಡಿಯೇ ನಿರ್ಧರಿಸಬೇಕು. ವೆಲ್ಡಿಂಗ್, ಕಮ್ಮಾರಿಕೆ ಮಾಡುವಾಗ ಎಂದಾದರೂ ಕಣ್ಣಿಗೆ ಕಬ್ಬಿಣದ ಚೂರು ಸಿಡಿದಿದ್ದರೆ ಅದನ್ನೂ ಹೇಳಬೇಕು. ಜೊತೆಯಲ್ಲಿ ಒಳಗೆ ಹೋಗುವ ಮನೆಯವರಿಗೂ ಇದೇ ನಿಯಮ.

ಸುರಂಗದಂತಹ ಯಂತ್ರದೊಳಗೆ 20ರಿಂದ 60 ನಿಮಿಷಗಳವರೆಗೆ ಅಲುಗಾಡದೆ ಮಲಗಬೇಕು. ಸುತ್ತಿಗೆಯಿಂದ ಬಡಿದಂತೆ ಸದ್ದು ಕೇಳಿಸುತ್ತದೆ. ಕಿವಿಗೆ ಮುಚ್ಚಳ ಕೊಡುತ್ತಾರೆ. ಕೈಗೆ ಕೊಟ್ಟ ರಬ್ಬರಿನ ಗುಂಡನ್ನು ಅದುಮಿದರೆ ತಂತ್ರಜ್ಞರಿಗೆ ಸೂಚನೆ ಹೋಗುತ್ತದೆ. ಇಕ್ಕಟ್ಟಿಗೆ ಅಂಜುವವರು ಮೊದಲೇ ಹೇಳಿದರೆ ಸೌಮ್ಯವಾದ ಔಷಧ ಕೊಡುವ ವ್ಯವಸ್ಥೆಯೂ ಉಂಟು.

ವಿಕಿರಣದ್ರವ್ಯದ ಪರೀಕ್ಷೆಗಳು

ಮೂಳೆಯ ಸ್ಕ್ಯಾನ್, ಪೆಟ್ ಸ್ಕ್ಯಾನ್ ಮೊದಲಾದುವುಗಳಲ್ಲಿ ಅಲ್ಪಪ್ರಮಾಣದ ವಿಕಿರಣದ್ರವ್ಯವನ್ನು ನರಕ್ಕೆ ಚುಚ್ಚಿ, ಅದು ದೇಹದಲ್ಲಿ ಎಲ್ಲಿ ಸೇರುವುದೆಂದು ನೋಡುತ್ತಾರೆ. ಸಾಮಾನ್ಯವಾದ ಪೆಟ್ ಪರೀಕ್ಷೆಯಲ್ಲಿ ಆ ದ್ರವ್ಯವು ಸಕ್ಕರೆಯ ರೂಪದ್ದು. ಆದುದರಿಂದ ಉಪವಾಸವೂ ರಕ್ತದ ಸಕ್ಕರೆಯ ಹತೋಟಿಯೂ ಮುಖ್ಯ. ಚುಚ್ಚಿದ ಮೇಲೆ ಸುಮಾರು ಒಂದು ಗಂಟೆ ಮಾತಿಲ್ಲದೆ ವಿಶ್ರಮಿಸಬೇಕು. ದ್ರವ್ಯದ ಶಕ್ತಿಯು ಸುಮಾರು 110 ನಿಮಿಷಗಳಿಗೊಮ್ಮೆ ಅರ್ಧಕ್ಕಿಳಿಯುತ್ತದೆ. ನೀರು ಹೆಚ್ಚು ಕುಡಿಯುವುದು, ಕೆಲವು ಗಂಟೆಗಳ ಕಾಲ ಹಸುಗೂಸುಗಳಿಂದಲೂ ಗರ್ಭಿಣಿಯರಿಂದಲೂ ದೂರವಿರುವುದು ಉಚಿತ.

ಭಯವೆಷ್ಟು, ಎಚ್ಚರವೆಷ್ಟು

ಮಣ್ಣು, ಕಲ್ಲು, ಆಕಾಶಗಳಿಂದ ಪ್ರತಿಯೊಬ್ಬರಿಗೂ ಸಹಜವಾಗಿ ವಿಕಿರಣ ತಗಲುತ್ತಲೇ ಇರುತ್ತದೆ. ಪ್ರಪಂಚದ ಸರಾಸರಿಯು ವರ್ಷಕ್ಕೆ ಸುಮಾರು 2.4 ಮಿಲಿಸೀವರ್ಟ್. ಎದೆಯ ಒಂದು ಕ್ಷ-ಕಿರಣ ಚಿತ್ರಕ್ಕೆ ಸುಮಾರು 0.1 ಮಿಲಿಸೀವರ್ಟ್, ಅಂದರೆ ಸುಮಾರು ಎರಡು ವಾರಗಳ ಸಹಜ ಪಾಲು. ಹೊಟ್ಟೆಯ ಸಿ.ಟಿ.ಗೆ ಸುಮಾರು 8, ಅಂದರೆ ಮೂರು ವರ್ಷಗಳಿಗೂ ಮಿಕ್ಕ ಪಾಲು. ಮೊದಲನೆಯದಕ್ಕೆ ಹೆದರುವುದು ಅನಾವಶ್ಯಕ. ಎರಡನೆಯದನ್ನು ಕಾರಣವಿಲ್ಲದೆ ಕೇಳುವುದು ಅವಿವೇಕ. ವೈದ್ಯರು ಅಗತ್ಯವೆಂದಾಗ ಮಾತ್ರ ಅದರ ಪ್ರಯೋಜನವು ಅಪಾಯವನ್ನು ಮೀರುತ್ತದೆ. ಗರ್ಭ ನಿಂತಿರುವ ಸಂದೇಹವಿದ್ದರೂ ಸ್ತ್ರೀಯರು ನಾಚದೆ ತಿಳಿಸಬೇಕು.

ಚಿತ್ರ ತೆಗೆಯುವ ತಂತ್ರಜ್ಞರನ್ನು ‘ಏನು ಕಾಣಿಸಿತು?’ ಎಂದು ಕೇಳಿ, ಅವರ ಮೌನದಿಂದ ಕೆಡುಕನ್ನು ಊಹಿಸುವುದು ತರವಲ್ಲ. ಚಿತ್ರವನ್ನು ಓದಿ ವರದಿ ಬರೆಯುವವರು ಬೇರೆ ತಜ್ಞರು. ಅದನ್ನು ರೋಗಿಯ ಲಕ್ಷಣಗಳೊಡನೆ ಹೊಂದಿಸಿ ಅರ್ಥ ಹೇಳುವವರು ಚಿಕಿತ್ಸೆ ಮಾಡುವ ವೈದ್ಯರು. ಹಳೆಯ ಚಿತ್ರಗಳನ್ನೂ ವರದಿಗಳನ್ನೂ ಜೋಪಾನವಾಗಿರಿಸಿ ಒಯ್ದರೆ ಹೋಲಿಸಿ ನೋಡಲು ಅನುಕೂಲ. ಕೆಲವೊಮ್ಮೆ ಹೊಸ ಪರೀಕ್ಷೆಯೇ ಬೇಡವಾಗಬಹುದು.

ವಾಗ್ಭಟನು ಹೇಳಿದ ಮೂರರಲ್ಲಿ ದರ್ಶನವನ್ನು ಯಂತ್ರವು ಎಷ್ಟೇ ವಿಸ್ತರಿಸಿದ್ದರೂ ಪ್ರಶ್ನದ ಸ್ಥಾನವನ್ನು ಅದು ಕಸಿದುಕೊಂಡಿಲ್ಲ. ಕೇಳಿದ್ದಕ್ಕೆ ನಿಜವನ್ನು ಹೇಳುವುದೂ ತಿಳಿಯದ್ದನ್ನು ಕೇಳಿ ತಿಳಿಯುವುದೂ ರೋಗಿಯ ಧರ್ಮ. ಮನೆಯಲ್ಲಿ ಓದು ಬಲ್ಲ ಒಬ್ಬರು ಇಷ್ಟನ್ನು ಹಿರಿಯರಿಗೆ ತಿಳಿಸಿ, ಧೈರ್ಯ ಹೇಳಿ ಕರೆದೊಯ್ದರೆ, ಆ ವಿದ್ಯೆಯು ಸಾರ್ಥಕವಾಯಿತೆಂದೇ ಹೇಳಬೇಕು.