ಕಣ್ಣು ರಸ್ತೆಗೆ, ಕಿವಿ ದಾರಿಗೆ

ಕಳೆದ ವರ್ಷ ವಿಜ್ಞಾನ ವಸ್ತುಪ್ರದರ್ಶನಕ್ಕೆಂದು ನಾಲ್ವರು ವಿದ್ಯಾರ್ಥಿಗಳನ್ನು ಕರೆದುಕೊಂಡು ನಾವು ಹೊಸೂರಿನಿಂದ ಕೃಷ್ಣಗಿರಿಗೆ ಬಾಡಿಗೆ ಕಾರಿನಲ್ಲಿ ಹೊರಟೆವು. ಚಾಲಕರು ಈ ಕಡೆಗೆ ಹೊಸಬರು. ಹೊರಡುವ ಮುನ್ನವೇ ಹೋಗಬೇಕಾದ ಸ್ಥಳವನ್ನು ಮೊಬೈಲಿನ ನಕ್ಷೆಯಲ್ಲಿ ಗುರುತಿಸಿ, ಬ್ಲೂಟೂತ್ ಮೂಲಕ ಮೊಬೈಲನ್ನು ಕಾರಿನ ಸ್ಟೀರಿಯೊಗೆ ಜೋಡಿಸಿದರು. "ಇನ್ನು ದಾರಿಯನ್ನು ಅದೇ ಹೇಳುತ್ತದೆ ಸಾರ್" ಎಂದರು. ಮಕ್ಕಳು ಹಾಡು ಬೇಕೆಂದಾಗ ರೇಡಿಯೊ ಹಾಕಿದರು.

ಶೂಲಗಿರಿ ದಾಟಿದರೂ ದಾರಿ ಹೇಳುವ ಧ್ವನಿ ಬರಲಿಲ್ಲ. ನೇರವಾದ ಹೆದ್ದಾರಿ ತಾನೆ, ಹೇಳುವುದಕ್ಕೇನಿದೆ ಎಂದು ನಾವೂ ಸುಮ್ಮನಿದ್ದೆವು. ಕೃಷ್ಣಗಿರಿಯಲ್ಲಿ ಊರೊಳಕ್ಕೆ ಇಳಿಯಬೇಕಾಗಿದ್ದ ತಿರುವು ಬಂತು, ಹಿಂದೆಯೂ ಸರಿಯಿತು. ಚಾಲಕರಿಗೆ ಅನುಮಾನ ಬಂದು ತಲೆ ಬಗ್ಗಿಸಿ ಮೊಬೈಲ್ ನೋಡಿದರು. ಅದೇ ಹೊತ್ತಿಗೆ ಮುಂದಿದ್ದ ಲಾರಿ ವೇಗ ತಗ್ಗಿಸಿತು. ನಾವು ಕೂಗಿಕೊಂಡೆವು, ಅವರು ಬ್ರೇಕ್ ಒತ್ತಿದರು. ಲಾರಿಗೂ ಕಾರಿಗೂ ಒಂದು ಮಾರು ಅಂತರ ಉಳಿದಿತ್ತು. ಯಾರಿಗೂ ಏನೂ ಆಗಲಿಲ್ಲ. ಆದರೆ ಸೇಲಂ ದಿಕ್ಕಿನಲ್ಲಿ ಬಹುದೂರ ಹೋಗಿ ಹಿಂತಿರುಗುವವರೆಗೂ ಕಾರಿನಲ್ಲಿ ಯಾರೂ ಮಾತನಾಡಲಿಲ್ಲ.

ಮೊಬೈಲ್ ನಿಜವಾಗಿಯೂ ಸುಮ್ಮನಿತ್ತೇ? ಇಲ್ಲ, ಅದು ಸಕಾಲದಲ್ಲಿ ಮಾತನಾಡಿತ್ತು. ಹಾಗಾದರೆ ಆ ಮಾತು ಎಲ್ಲಿ ಹೋಯಿತು? ಈ ಪ್ರಶ್ನೆಗೆ ಉತ್ತರ ಹುಡುಕುವುದೇ ಈ ಪಾಠದ ಉದ್ದೇಶ.

ಉಪಗ್ರಹ ಹೇಳುವುದೇನು?

ಉಪಗ್ರಹವು ಮೇಲಿನಿಂದ ನಮ್ಮ ಕಾರನ್ನು ನೋಡಿ ದಾರಿ ಹೇಳುತ್ತದೆ ಎಂದು ಅನೇಕರು ನಂಬಿದ್ದಾರೆ. ಇದು ತಪ್ಪು. ದಾರಿ ತೋರಿಸುವ ಉಪಗ್ರಹಕ್ಕೆ ನಮ್ಮ ಕಾರು ಕಾಣುವುದಿಲ್ಲ. ನಾವು ಎಲ್ಲಿಗೆ ಹೊರಟಿದ್ದೇವೆಂಬುದೂ ಅದಕ್ಕೆ ತಿಳಿಯದು. ಅದು ಎಡೆಬಿಡದೆ ಸಾರುವುದು ಎರಡೇ ಸಂಗತಿಗಳನ್ನು: "ನಾನು ಇಂಥ ಕಡೆ ಇದ್ದೇನೆ, ಈಗ ವೇಳೆ ಇಷ್ಟು." ಮಿಕ್ಕ ಲೆಕ್ಕವನ್ನೆಲ್ಲ ಮಾಡುವುದು ನಮ್ಮ ಕೈಯಲ್ಲಿರುವ ಮೊಬೈಲು.

ಮಿಂಚು ಕಂಡ ಮೇಲೆ ಗುಡುಗು ಕೇಳಲು ಮೂರು ಸೆಕೆಂಡು ಹಿಡಿದರೆ ಸಿಡಿಲು ಸುಮಾರು ಒಂದು ಕಿಲೋಮೀಟರ್ ದೂರದಲ್ಲಿ ಬಿದ್ದಿದೆ ಎಂದು ಲೆಕ್ಕ ಹಾಕುತ್ತೇವಲ್ಲವೇ? ಮೊಬೈಲ್ ಮಾಡುವುದೂ ಇದನ್ನೇ. ಅಮೆರಿಕದ ಜಿ.ಪಿ.ಎಸ್. ಉಪಗ್ರಹಗಳು ಭೂಮಿಯಿಂದ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತವೆ. ಅವುಗಳ ರೇಡಿಯೊ ಅಲೆ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ವೇಗದಲ್ಲಿ ಬಂದರೂ ನಮ್ಮನ್ನು ತಲುಪಲು ಸುಮಾರು 0.07 ಸೆಕೆಂಡು ಬೇಕು. ಅಲೆ ಹೊರಟ ವೇಳೆಗೂ ತಲುಪಿದ ವೇಳೆಗೂ ಇರುವ ವ್ಯತ್ಯಾಸದಿಂದ ದೂರ ತಿಳಿಯುತ್ತದೆ.

ಒಂದು ದೂರ ಮಾತ್ರ ತಿಳಿದರೆ ಸಾಲದು. ನಕ್ಷೆಯ ಮೇಲೆ ಕೈವಾರದಿಂದ ಹೊಸೂರನ್ನು ಕೇಂದ್ರವಾಗಿಟ್ಟು ಒಂದು ವೃತ್ತ, ದೇಂಕಣಿಕೋಟೆಯಿಂದ ಇನ್ನೊಂದು, ಕೃಷ್ಣಗಿರಿಯಿಂದ ಮತ್ತೊಂದು ಎಳೆಯಿರಿ. ಮೂರೂ ಕೂಡುವ ಬಿಂದುವೇ ನಾವಿರುವ ಸ್ಥಳ. ಆಕಾಶದಲ್ಲಿ ಈ ಕೆಲಸಕ್ಕೆ ನಾಲ್ಕು ಉಪಗ್ರಹಗಳಾದರೂ ಬೇಕು. ಮೂರು ಸ್ಥಳಕ್ಕಾಗಿ, ನಾಲ್ಕನೆಯದು ಮೊಬೈಲಿನೊಳಗಿನ ಅಗ್ಗದ ಗಡಿಯಾರದ ತಪ್ಪನ್ನು ತಿದ್ದುವುದಕ್ಕಾಗಿ.

ಗಡಿಯಾರ ತಪ್ಪಿದರೆ ದಾರಿ ತಪ್ಪಿತು

ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗದಷ್ಟು ಕಾಲದಲ್ಲಿ ರೇಡಿಯೊ ಅಲೆ 300 ಮೀಟರ್ ಓಡಿಬಿಡುತ್ತದೆ. ಆದುದರಿಂದ ಉಪಗ್ರಹದಲ್ಲಿ ಪರಮಾಣು ಗಡಿಯಾರವನ್ನೇ ಇಡಬೇಕು. ಐನ್‌ಸ್ಟೈನರ ಸಾಪೇಕ್ಷತಾ ಸಿದ್ಧಾಂತದ ಪ್ರಕಾರ ಆ ಎತ್ತರದಲ್ಲಿ, ಆ ವೇಗದಲ್ಲಿ ಸುತ್ತುವ ಗಡಿಯಾರವು ನೆಲದ ಮೇಲಿನ ಗಡಿಯಾರಕ್ಕಿಂತ ದಿನಕ್ಕೆ ಸುಮಾರು 38 ಮೈಕ್ರೊಸೆಕೆಂಡು ಮುಂದೆ ಓಡುತ್ತದೆ. ಇದನ್ನು ತಿದ್ದದೆ ಬಿಟ್ಟರೆ ಒಂದೇ ದಿನದಲ್ಲಿ ಲೆಕ್ಕ ಹತ್ತು ಕಿಲೋಮೀಟರಿಗೂ ಹೆಚ್ಚು ತಪ್ಪಿಹೋಗುತ್ತದೆ!

ಜಿ.ಪಿ.ಎಸ್. ಮೊದಲಿಗೆ ಸೈನ್ಯದ ಸಾಧನ. ಇದರ ಯೋಜನೆ 1973ರಲ್ಲಿ ಆರಂಭವಾಗಿ, ಮೊದಲ ಉಪಗ್ರಹ 1978ರಲ್ಲಿ ಹಾರಿತು. 1983ರಲ್ಲಿ ಕೊರಿಯಾದ ಪ್ರಯಾಣಿಕ ವಿಮಾನವೊಂದು ದಾರಿ ತಪ್ಪಿ ಸೋವಿಯತ್ ಗಡಿಯೊಳಗೆ ನುಗ್ಗಿದಾಗ ಅದನ್ನು ಹೊಡೆದುರುಳಿಸಲಾಯಿತು; 269 ಜನ ಸತ್ತರು. ಅದಾದ ಮೇಲೆ ಈ ಸೌಲಭ್ಯವನ್ನು ಜನಸಾಮಾನ್ಯರಿಗೂ ಕೊಡುವುದಾಗಿ ಅಮೆರಿಕ ಘೋಷಿಸಿತು. ಆದರೂ ಜನರಿಗೆ ಸಿಗುತ್ತಿದ್ದ ಸಂಕೇತವನ್ನು ಬೇಕೆಂದೇ ಮಸುಕು ಮಾಡಿ ಕೊಡುತ್ತಿದ್ದರು. 2000ನೆಯ ಇಸವಿಯ ಮೇ ತಿಂಗಳಲ್ಲಿ ಆ ಮಸುಕನ್ನು ತೆಗೆದ ಮೇಲೆಯೇ ಕಾರಿನಲ್ಲಿ ದಾರಿ ಕೇಳುವುದು ಚೆನ್ನಾಗಿ ಸಾಧ್ಯವಾಯಿತು.

ನಮ್ಮ ದೇಶವೂ ಹಿಂದೆ ಬಿದ್ದಿಲ್ಲ. ಇಸ್ರೊ ಸಂಸ್ಥೆಯು 2013ರ ಜುಲೈ 1ರಂದು ತನ್ನ ಮೊದಲ ಪಥದರ್ಶಕ ಉಪಗ್ರಹವನ್ನು ಹಾರಿಸಿತು. ಏಳು ಉಪಗ್ರಹಗಳ ಈ ವ್ಯವಸ್ಥೆಗೆ 2016ರಲ್ಲಿ 'ನಾವಿಕ್' ಎಂದು ಹೆಸರಾಯಿತು. ಇದರ ಪಥದರ್ಶನ ಕೇಂದ್ರ ಇರುವುದು ಬೆಂಗಳೂರಿನ ಸಮೀಪದ ಬ್ಯಾಲಾಳು ಗ್ರಾಮದಲ್ಲಿ. ಮೊದಲ ಉಪಗ್ರಹದಲ್ಲಿ ವಿದೇಶದಿಂದ ತಂದ ಮೂರು ಪರಮಾಣು ಗಡಿಯಾರಗಳಿದ್ದವು, ಮೂರೂ ಕೆಟ್ಟುಹೋದುವು. ಉಪಗ್ರಹ ಆಕಾಶದಲ್ಲೇ ಇದ್ದರೂ ವೇಳೆ ಹೇಳಲಾರದ ಕಾರಣ ದಾರಿ ತೋರಿಸುವ ಕೆಲಸಕ್ಕೆ ಬಾರದಾಯಿತು. ನಮ್ಮ ವಿಜ್ಞಾನಿಗಳು ಎದೆಗುಂದದೆ ಇಲ್ಲಿಯೇ ಗಡಿಯಾರ ತಯಾರಿಸಿ, 2023ರ ಮೇ 29ರಂದು ಎನ್.ವಿ.ಎಸ್.-01 ಉಪಗ್ರಹದಲ್ಲಿಟ್ಟು ಕಳುಹಿಸಿದರು.

ಮಾತು ಸ್ಪೀಕರಿಗೆ ಬರುವ ಬಗೆ

ಸ್ಥಳ ತಿಳಿದ ಮೇಲೆ ಮೊಬೈಲು ಅದನ್ನು ನಕ್ಷೆಯೊಡನೆ ಹೋಲಿಸಿ "200 ಮೀಟರ್ ನಂತರ ಎಡಕ್ಕೆ ತಿರುಗಿ" ಎಂಬ ವಾಕ್ಯವನ್ನು ಸಿದ್ಧಪಡಿಸಿ ನುಡಿಯುತ್ತದೆ. ಕನ್ನಡ, ತಮಿಳು, ತೆಲುಗು ಈ ಎಲ್ಲ ಭಾಷೆಗಳಲ್ಲಿಯೂ ಈಗ ಅದು ಮಾತನಾಡಬಲ್ಲದು. ಆದರೆ ಮೊಬೈಲಿನ ಸ್ಪೀಕರ್ ಉಗುರಿನಷ್ಟು ಚಿಕ್ಕದು. ಎಂಜಿನ್ನಿನ ಸದ್ದು, ಗಾಳಿಯ ಮೊರೆತ, ಲಾರಿಗಳ ಹಾರನ್ನುಗಳ ನಡುವೆ ಅದರ ದನಿ ಅಡಗಿಹೋಗುತ್ತದೆ. ಕಾರಿನ ಬಾಗಿಲುಗಳಲ್ಲಿರುವ ಸ್ಪೀಕರುಗಳು ದೊಡ್ಡವು. ಹೆಚ್ಚು ಗಾಳಿಯನ್ನು ತಳ್ಳಬಲ್ಲವು. ಮೊಬೈಲಿನ ಮಾತನ್ನು ಅಲ್ಲಿಗೆ ಒಯ್ಯಲು ಮೂರು ದಾರಿಗಳಿವೆ.

ಮೊದಲನೆಯದು ತಂತಿ. ಮೊಬೈಲಿಗೂ ಸ್ಟೀರಿಯೊಗೂ ಆಕ್ಸ್ ತಂತಿಯನ್ನೋ ಯು.ಎಸ್.ಬಿ. ತಂತಿಯನ್ನೋ ಚುಚ್ಚಿದರಾಯಿತು.

ಎರಡನೆಯದು ಚಿಕ್ಕ ಎಫ್.ಎಂ. ಪ್ರಸಾರಕ. ಕಾರಿನ 12 ವೋಲ್ಟ್ ಸಾಕೆಟ್ಟಿಗೆ ಚುಚ್ಚಿದರೆ ಅದು ಕಾರಿನ ಮಟ್ಟಿಗೆ ಒಂದು ಪುಟ್ಟ ರೇಡಿಯೊ ನಿಲಯವಾಗುತ್ತದೆ. ಹಳೆಯ ಸ್ಟೀರಿಯೊ ಇರುವವರಿಗೆ ಇದು ಅನುಕೂಲ. ಆದರೆ ಪ್ರಸಾರಕವನ್ನೂ ರೇಡಿಯೊವನ್ನೂ ಯಾವ ನಿಲಯವೂ ಇಲ್ಲದ ಒಂದೇ ಸಂಖ್ಯೆಗೆ ತಿರುಗಿಸಬೇಕು. ಒಂದು ಊರಿನಲ್ಲಿ ಖಾಲಿಯಿದ್ದ ಸಂಖ್ಯೆಯಲ್ಲಿ ಮುಂದಿನ ಊರಿನಲ್ಲಿ ಬೇರೆ ನಿಲಯದ ಹಾಡು ಬಂದು ನಮ್ಮ ಮಾತನ್ನು ನುಂಗಬಹುದು.

ಮೂರನೆಯದು ಬ್ಲೂಟೂತ್. ಇಲ್ಲಿ ಮೊಬೈಲು ಮಾತನ್ನು ಅಂಕಿಗಳನ್ನಾಗಿ ಮಾಡಿ, 2.4 ಗಿಗಾಹರ್ಟ್ಸ್ ಆಸುಪಾಸಿನ ಅಲೆಗಳಲ್ಲಿ ಕಳುಹಿಸುತ್ತದೆ. ಸುತ್ತಲಿನ ಇತರ ಸಾಧನಗಳ ಗದ್ದಲ ತಾಗದಿರಲೆಂದು 79 ಹಾದಿಗಳ ನಡುವೆ ಸೆಕೆಂಡಿಗೆ 1600 ಸಲ ಜಿಗಿಯುತ್ತದೆ!

ಕಳೆದುಹೋದ ಮಾತು

ಈಗ ನಮ್ಮ ಪ್ರಯಾಣಕ್ಕೆ ಮರಳೋಣ. ಬ್ಲೂಟೂತ್ ಜೋಡಣೆಯಾದೊಡನೆ ಮೊಬೈಲು "ಇನ್ನು ನನ್ನ ಬಾಯಿ ಸ್ಟೀರಿಯೊ" ಎಂದು ತಿಳಿದು ತನ್ನ ಸ್ಪೀಕರನ್ನು ಮುಚ್ಚಿತು. ದಾರಿಯ ಮಾತನ್ನೆಲ್ಲ ಸ್ಟೀರಿಯೊಗೆ ಕಳುಹಿಸಿತು. ಆದರೆ ಸ್ಟೀರಿಯೊ ಆಗ ರೇಡಿಯೊಗೆ ಕಿವಿಗೊಟ್ಟಿತ್ತು. ಒಂದು ಸಲಕ್ಕೆ ಅದು ಕೇಳುವುದು ಒಬ್ಬರ ಮಾತನ್ನು ಮಾತ್ರ. ಹೀಗೆ ಹೇಳಿದವರು ಹೇಳಿದರು, ಕೇಳಬೇಕಾದವರಿಗೆ ತಲುಪಲಿಲ್ಲ.

ಪರಿಹಾರ ಸುಲಭ. ಸ್ಟೀರಿಯೊದಲ್ಲಿ ರೇಡಿಯೊ ಬದಲು ಬ್ಲೂಟೂತನ್ನು ಆರಿಸಿ, ಹಾಡನ್ನೂ ಮೊಬೈಲಿನಿಂದಲೇ ಹಾಕಬೇಕು. ಆಗ ದಾರಿ ಹೇಳುವ ಹೊತ್ತಿಗೆ ಮೊಬೈಲೇ ಹಾಡನ್ನು ತಗ್ಗಿಸಿ, ಮಾತು ಮುಗಿದ ಮೇಲೆ ಮತ್ತೆ ಏರಿಸುತ್ತದೆ. ರೇಡಿಯೊವೇ ಬೇಕೆನ್ನುವವರು ದಾರಿಯ ಧ್ವನಿ ಬ್ಲೂಟೂತಿಗೆ ಹೋಗದಂತೆ ನಕ್ಷೆಯ ಸೆಟ್ಟಿಂಗಿನಲ್ಲಿ ಬದಲಾಯಿಸಿ, ಮೊಬೈಲಿನ ಸ್ಪೀಕರಿನಿಂದಲೇ ಕೇಳಬಹುದು. ಯಾವುದನ್ನು ಮಾಡಿದರೂ ಹೊರಡುವ ಮುನ್ನ ಒಮ್ಮೆ ಧ್ವನಿ ಪರೀಕ್ಷಿಸಬೇಕು.

ಇನ್ನೊಂದು ತೊಡಕನ್ನು ಕನ್ನಡಿಗರು ವಿಶೇಷವಾಗಿ ಗಮನಿಸಬೇಕು. ಹಾಡಿಲ್ಲದೆ ಸುಮ್ಮನಿದ್ದ ಬ್ಲೂಟೂತ್ ಎಚ್ಚರಗೊಳ್ಳಲು ಒಂದು ಗಳಿಗೆ ಬೇಕಾಗುವುದರಿಂದ ಕೆಲವು ಕಾರುಗಳಲ್ಲಿ ವಾಕ್ಯದ ಮೊದಲ ಪದ ನುಂಗಿಹೋಗುತ್ತದೆ. ಇಂಗ್ಲಿಷಿನಲ್ಲಿ 'ತಿರುಗಿ' ಎಂಬ ಪದ ಮೊದಲು, ದಿಕ್ಕು ಆಮೇಲೆ; ಮೊದಲ ಪದ ಹೋದರೂ ದಿಕ್ಕು ಉಳಿಯುತ್ತದೆ. "ಎಡಕ್ಕೆ ತಿರುಗಿ" ಎಂಬ ಕನ್ನಡ ವಾಕ್ಯದಲ್ಲಿ ಮೊದಲ ಪದ ಹೋದರೆ ಉಳಿಯುವುದು "ತಿರುಗಿ" ಮಾತ್ರ. ಎತ್ತ ತಿರುಗಬೇಕು? ತಮಿಳಿನಲ್ಲಿಯೂ ಇದೇ ಪಾಡು. ಸಣ್ಣ ದನಿಯಲ್ಲಿ ಹಾಡು ನಡೆಯುತ್ತಿದ್ದರೆ ಬ್ಲೂಟೂತ್ ಎಚ್ಚರವಾಗಿರುತ್ತದೆ, ಮಾತು ಪೂರ್ತಿ ಕೇಳುತ್ತದೆ.

ಇಷ್ಟೆಲ್ಲ ಏಕೆ?

ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಓಡುವ ಕಾರು ಒಂದು ಸೆಕೆಂಡಿಗೆ 22 ಮೀಟರ್ ಕ್ರಮಿಸುತ್ತದೆ. ಮೂರು ಸೆಕೆಂಡು ಮೊಬೈಲ್ ನೋಡಿದರೆ 66 ಮೀಟರ್ ದೂರ ಕಣ್ಣು ಮುಚ್ಚಿ ಓಡಿಸಿದಂತೆ. ಕಿವಿಯಿಂದ ಕೇಳಿದರೆ ಕಣ್ಣು ರಸ್ತೆಯ ಮೇಲೆಯೇ ಇರುತ್ತದೆ. ಗುಲಾಬಿ, ಟೊಮೇಟೊ ತುಂಬಿಕೊಂಡು ನಸುಕಿನಲ್ಲೇ ಬೆಂಗಳೂರಿನ ಮಾರುಕಟ್ಟೆಗೆ ಗಾಡಿ ಓಡಿಸುವ ಪೋಷಕರು ನಮ್ಮಲ್ಲಿ ಕೆಲವರಿದ್ದಾರೆ. ಅವರು ಇದನ್ನು ಮುಖ್ಯವಾಗಿ ಮನಸ್ಸಿಗೆ ತಂದುಕೊಳ್ಳಬೇಕು. 2020ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ನಿಯಮವೂ ವಾಹನ ನಡೆಸುವಾಗ ಮೊಬೈಲನ್ನು ದಾರಿ ತಿಳಿಯಲು ಮಾತ್ರ, ಅದೂ ಚಾಲಕನ ಗಮನ ಕೆಡದಂತೆ ಬಳಸಬೇಕೆಂದು ಹೇಳುತ್ತದೆ.

ಧ್ವನಿಗೂ ತಿಳಿಯದ ಸಂಗತಿಗಳಿವೆ. ಬಯಲಿನಲ್ಲಿಯೂ ಮೊಬೈಲಿನ ಲೆಕ್ಕದಲ್ಲಿ ಐದಾರು ಮೀಟರ್ ತಪ್ಪು ಸಹಜ. ಮೇಲ್ಸೇತುವೆಯೂ ಸರ್ವಿಸ್ ರಸ್ತೆಯೂ ಅಕ್ಕಪಕ್ಕದಲ್ಲಿರುವಲ್ಲಿ ನಾವು ಯಾವುದರ ಮೇಲಿದ್ದೇವೆಂದು ಅದು ತಪ್ಪು ತಿಳಿಯಬಹುದು. ಅಲ್ಲಿ ಫಲಕವನ್ನೇ ನಂಬಬೇಕು. ದೇಂಕಣಿಕೋಟೆಯಿಂದ ಅಂಚೆಟ್ಟಿಗೆ ಹೋಗುವ ಕಾಡುದಾರಿಯಲ್ಲಿ ಮೊಬೈಲ್ ನೆಟ್‌ವರ್ಕ್ ಕೈಕೊಟ್ಟರೂ ಉಪಗ್ರಹದ ಸಂಕೇತ ಬರುತ್ತದೆ, ನಕ್ಷೆ ಮಾತ್ರ ಬರುವುದಿಲ್ಲ. ಅದನ್ನು ಮನೆಯಲ್ಲೇ ಇಳಿಸಿಕೊಂಡಿರಬೇಕು. ಇನ್ನು ಆನೆ ರಸ್ತೆಗೆ ಬಂದಿರುವುದನ್ನು ಯಾವ ಉಪಗ್ರಹವೂ ಹೇಳದು. ಅದನ್ನು ಹೇಳುವವರು ಆ ಊರಿನ ಜನ. ಗಾಡಿ ನಿಲ್ಲಿಸಿ "ಅಣ್ಣಾ, ದಾರಿ ಹೇಗಿದೆ?" ಎಂದು ಕೇಳುವುದರಲ್ಲಿ ನಾಚಿಕೆಯೇನೂ ಇಲ್ಲ.

ಅಂದು ಪ್ರದರ್ಶನ ಮುಗಿಸಿ ಹಿಂತಿರುಗುವಾಗ ನಮ್ಮ ವಿದ್ಯಾರ್ಥಿಯೊಬ್ಬ ರೇಡಿಯೊ ನಿಲ್ಲಿಸಿ ಸ್ಟೀರಿಯೊವನ್ನು ಬ್ಲೂಟೂತಿಗೆ ತಿರುಗಿಸಿದ. ಆ ಕೂಡಲೇ ನಾಲ್ಕೂ ಸ್ಪೀಕರುಗಳಿಂದ ದಾರಿಯ ಮಾತು ಸ್ಪಷ್ಟವಾಗಿ ಕೇಳಿಸಿತು. ಚಾಲಕರು ಹೊಸೂರು ಸೇರುವವರೆಗೂ ಒಮ್ಮೆಯೂ ತಲೆ ಬಗ್ಗಿಸಲಿಲ್ಲ.

ಮಾಡಿ ನೋಡಿರಿ

1. ಗಂಟೆಗೆ 60 ಕಿಲೋಮೀಟರ್ ವೇಗದ ಕಾರಿಗೆ 200 ಮೀಟರ್ ಮುಂಚೆ ತಿರುವು ಹೇಳಿದರೆ ಚಾಲಕನಿಗೆ ಎಷ್ಟು ಸೆಕೆಂಡು ಸಿಗುತ್ತದೆ?

2. ನಕ್ಷೆಯಲ್ಲಿ ನಿಮ್ಮ ಊರಿನಿಂದ ಮೂರು ಊರುಗಳಿಗಿರುವ ದೂರ ಅಳೆದು, ಕೈವಾರದಿಂದ ವೃತ್ತಗಳನ್ನೆಳೆದು ನಿಮ್ಮ ಊರನ್ನು ಗುರುತಿಸಿರಿ.

3. ಮನೆಯಲ್ಲಿ ವಾಹನವಿದ್ದರೆ, ಅದು ನಿಂತಿರುವಾಗ, ದಾರಿಯ ಧ್ವನಿ ಯಾವ ಸ್ಪೀಕರಿನಿಂದ ಬರುತ್ತದೆಂದು ಹಿರಿಯರೊಡನೆ ಪರೀಕ್ಷಿಸಿರಿ.