ನ್ಯಾಯಾಲಯದ ವಿದ್ಯುನ್ಮಾನ ಸಲ್ಲಿಕೆ: ಹೆಸರು, ಲಿಪಿ ಮತ್ತು ಗಡಿಯಾಚೆಯ ಕನ್ನಡಿಗ

ನ್ಯಾಯ ಬೇಡಿ ಹೊರಟವನನ್ನು ಕುರಿತು ‘ಕೋರ್ಟಿನ ಮೆಟ್ಟಿಲು ಹತ್ತಿದ’ ಎನ್ನುವುದು ಕನ್ನಡದ ರೂಢಿ. ಮೆಟ್ಟಿಲು ಹತ್ತದೆಯೇ ದಾವೆ ಹೂಡುವ ಏರ್ಪಾಡು ಈಗ ಬಳಕೆಗೆ ಬಂದಿದೆ. ಇದನ್ನು ಇ-ಫೈಲಿಂಗ್ ಎಂದೇ ಎಲ್ಲರೂ ಕರೆಯುತ್ತಾರೆ. ವಿದ್ಯುನ್ಮಾನ ಸಲ್ಲಿಕೆ ಎಂಬುದು ಬರವಣಿಗೆಯ ಮಾತು. ಈ ಏರ್ಪಾಡನ್ನು ಕುರಿತ ಕೈಪಿಡಿಗಳು ಎಲ್ಲಿ ಒತ್ತಬೇಕು, ಏನನ್ನು ತುಂಬಬೇಕು ಎಂಬುದನ್ನು ಹೇಳುತ್ತವೆ. ಆದರೆ ಕನ್ನಡದ ಕಕ್ಷಿಗಾರನಿಗೆ ತೊಡಕಾಗುವುದು ಗುಂಡಿ ಒತ್ತುವುದಲ್ಲ, ತನ್ನ ಹೆಸರನ್ನು ಬರೆಯುವುದು. ಆ ಕಾರಣದಿಂದ ಈ ವಿಷಯವು ಕಾನೂನಿನ ವಿದ್ಯಾರ್ಥಿಗಳಿಗೆಷ್ಟೋ ಭಾಷೆಯ ವಿದ್ಯಾರ್ಥಿಗಳಿಗೂ ಅಷ್ಟೇ ಸಂಬಂಧಿಸಿದುದಾಗಿದೆ.

ಮೊದಲು ಹಿನ್ನೆಲೆಯನ್ನು ಸಂಗ್ರಹವಾಗಿ ನೋಡಬಹುದು. ನ್ಯಾಯಾಂಗದ ಗಣಕೀಕರಣಕ್ಕೆಂದು 2004ರ ಕೊನೆಯಲ್ಲಿ ಇ-ಸಮಿತಿ ರಚಿತವಾಯಿತು. ಅದರ ಮೊದಲ ಅಧ್ಯಕ್ಷರಾದ ನ್ಯಾಯಮೂರ್ತಿ ಜಿ. ಸಿ. ಭರೂಕಾ ಅವರು ಕರ್ನಾಟಕ ಉಚ್ಚ ನ್ಯಾಯಾಲಯದಲ್ಲಿ ನ್ಯಾಯಾಧೀಶರಾಗಿದ್ದವರು. ಸರ್ವೋಚ್ಚ ನ್ಯಾಯಾಲಯವು 2006ರ ಅಕ್ಟೋಬರ್ 2ರಂದು ವಿದ್ಯುನ್ಮಾನ ಸಲ್ಲಿಕೆಯನ್ನು ಆರಂಭಿಸಿತು. ಜಿಲ್ಲಾ ನ್ಯಾಯಾಲಯಗಳನ್ನು ಒಳಗೊಂಡ ಇ-ಕೋರ್ಟ್ಸ್ ಯೋಜನೆಯ ಮೊದಲ ಹಂತ 2007ರಲ್ಲಿಯೂ ಎರಡನೆಯದು 2015ರಲ್ಲಿಯೂ ತೊಡಗಿದವು. 2023ರಲ್ಲಿ ಒಪ್ಪಿಗೆ ಪಡೆದ ಮೂರನೆಯ ಹಂತಕ್ಕೆ 7,210 ಕೋಟಿ ರೂಪಾಯಿಗಳನ್ನು ಗೊತ್ತುಮಾಡಲಾಯಿತು.

ಇಷ್ಟು ದೊಡ್ಡ ವ್ಯವಸ್ಥೆಯನ್ನು ಒಬ್ಬನೇ ಕಕ್ಷಿಗಾರನ ಕಡೆಯಿಂದ ನೋಡಿದರೆ ಅದರ ಸ್ವರೂಪ ಹೆಚ್ಚು ಸ್ಪಷ್ಟವಾಗುತ್ತದೆ. ಹೈದರಾಬಾದಿನ ಈಶಾನ್ಯ ಭಾಗದಲ್ಲಿರುವ ಕುಷಾಯಿಗೂಡವನ್ನು ತೆಗೆದುಕೊಳ್ಳಬಹುದು. ಇದು ಈಗ ತೆಲಂಗಾಣದ ಮೇಡ್ಚಲ್–ಮಲ್ಕಾಜಗಿರಿ ಜಿಲ್ಲೆಗೆ ಸೇರಿದೆ. 1967ರಲ್ಲಿ ಸ್ಥಾಪಿತವಾದ ಇಸಿಐಎಲ್ ಕಾರ್ಖಾನೆ ಇದರ ನೆರೆಯಲ್ಲಿಯೇ ಇದೆ. ಭಾರತದಲ್ಲಿ ತಯಾರಾದ ಆರಂಭದ ಗಣಕಗಳಲ್ಲೊಂದಾದ ಟಿಡಿಸಿ-12 ಹೊರಬಂದುದು 1969ರಲ್ಲಿ ಆ ಸಂಸ್ಥೆಯಿಂದ. ಇಂಥ ಬಡಾವಣೆಯಲ್ಲಿ ನೆಲೆಸಿದ, ಬೀದರ್ ಜಿಲ್ಲೆಯ ಹಳ್ಳಿಯೊಂದರಲ್ಲಿ ಪಿತ್ರಾರ್ಜಿತ ಜಮೀನಿನ ಪಾಲು ಬರಬೇಕಾದ ಕನ್ನಡ ಗೃಹಸ್ಥನೊಬ್ಬನನ್ನು ಕಲ್ಪಿಸಿಕೊಂಡರೆ ಸಾಕು. ಸ್ಥಿರಾಸ್ತಿಯ ದಾವೆಯನ್ನು ಆಸ್ತಿಯಿರುವ ಸ್ಥಳದ ನ್ಯಾಯಾಲಯದಲ್ಲಿಯೇ ಹೂಡಬೇಕೆಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ 16ನೆಯ ಕಲಮು ವಿಧಿಸುತ್ತದೆ. ಆದುದರಿಂದ ಆತನು ವಾಸಿಸುವುದು ಎಲ್ಲಿಯೇ ಆದರೂ ಪಾಲುವಿಭಾಗದ ದಾವೆ ನಡೆಯಬೇಕಾದುದು ಬೀದರ್ ಕಡೆಯಲ್ಲಿ. ಒಂದೊಂದು ಕಾಗದಕ್ಕೂ ಬಸ್ಸು ಹತ್ತಬೇಕಾಗಿದ್ದ ಇಂಥವನಿಗೆ ವಿದ್ಯುನ್ಮಾನ ಸಲ್ಲಿಕೆಯಿಂದ ಆಗುವ ಉಪಕಾರ ಸಣ್ಣದಲ್ಲ.

ಈ ವ್ಯವಸ್ಥೆಯನ್ನು ಪ್ರವೇಶಿಸುವವರು ಎಲ್ಲರೂ ಒಂದೇ ಬಾಗಿಲಿನಿಂದ ಪ್ರವೇಶಿಸುವುದಿಲ್ಲ. ವಕೀಲನು ವಕೀಲರ ಪರಿಷತ್ತಿನ ನೋಂದಣಿ ಸಂಖ್ಯೆಯೊಡನೆ ಹೆಸರು ದಾಖಲಿಸಿಕೊಳ್ಳುತ್ತಾನೆ. ವಕೀಲನಿಲ್ಲದೆ ತಾನೇ ವಾದಿಸುವ ಕಕ್ಷಿಗಾರನು ಗುರುತಿನ ದಾಖಲೆಯನ್ನು ಒದಗಿಸಬೇಕು. ಇಬ್ಬರಿಗೂ ದೂರವಾಣಿ ಸಂಖ್ಯೆ ಮತ್ತು ಮಿಂಚಂಚೆ ವಿಳಾಸ ಅಗತ್ಯ. ಒಮ್ಮೆ ಮಾತ್ರ ಬಳಸಬಹುದಾದ ಗುಪ್ತಸಂಖ್ಯೆ, ಅಂದರೆ ಒಟಿಪಿ, ಅಲ್ಲಿಗೇ ಬರುತ್ತದೆ. ಮುಂದೆ ವರ್ಷಗಟ್ಟಲೆ ನಡೆಯಬಹುದಾದ ದಾವೆಗೆ ನೆರೆಮನೆಯ ಹುಡುಗನ ದೂರವಾಣಿ ಸಂಖ್ಯೆಯನ್ನು ಕೊಡುವುದು ವಿವೇಕವಲ್ಲ. ಕೈಯಲ್ಲಿ ಸಾಧನವೇ ಇಲ್ಲದವರಿಗಾಗಿ ನ್ಯಾಯಾಲಯಗಳ ಆವರಣದಲ್ಲಿ ಇ-ಸೇವಾ ಕೇಂದ್ರಗಳನ್ನು ತೆರೆಯುವ ಕ್ರಮ 2020ರ ಅಕ್ಟೋಬರಿನಲ್ಲಿ ನಾಗಪುರದಿಂದ ಮೊದಲಾಯಿತು. ಆದರೆ ಹೈದರಾಬಾದಿನ ಸುತ್ತಿನ ಕೇಂದ್ರವೊಂದರಲ್ಲಿ ಕುಳಿತ ಸಿಬ್ಬಂದಿಗೆ ತೆಲುಗು, ಉರ್ದು ಬರುವುದು ಸಹಜ. ಕನ್ನಡವನ್ನು ಓದಬಲ್ಲವರೇ ಇರಬೇಕೆಂದು ನಿರೀಕ್ಷಿಸಲಾಗದು. ಕನ್ನಡ, ತೆಲುಗು ಲಿಪಿಗಳು ಒಂದೇ ಬೇರಿನವು, ತಲೆಕಟ್ಟಿನ ವ್ಯತ್ಯಾಸವನ್ನು ದಾಟಿ ತೆಲುಗು ಬಲ್ಲವನು ಅರ್ಧವನ್ನಾದರೂ ಊಹಿಸಬಲ್ಲನು ಎಂಬುದು ನಿಜ. ಆದರೆ ಜಮೀನಿನ ಚಕ್ಕುಬಂದಿಯನ್ನು ಊಹೆಯಿಂದ ತುಂಬುವಂತಿಲ್ಲ.

ಪ್ರವೇಶವಾದ ಮೇಲೆ ರಾಜ್ಯ, ಜಿಲ್ಲೆ, ನ್ಯಾಯಾಲಯ ಸಂಕೀರ್ಣ ಮತ್ತು ದಾವೆಯ ಬಗೆಯನ್ನು ಆರಿಸಬೇಕು. ಅನಂತರ ಬರುವುದೇ ಪಕ್ಷಕಾರರ ಹೆಸರು.

ನಮ್ಮ ಗೃಹಸ್ಥನ ಕುಟುಂಬದ ಹೆಸರುಗಳು ಎಷ್ಟು ರೂಪಗಳಲ್ಲಿ ದಾಖಲಾಗಿರಬಹುದೆಂಬುದನ್ನು ಯೋಚಿಸಬೇಕು. ಬೀದರ್, ಕಲಬುರಗಿ, ರಾಯಚೂರು ಪ್ರದೇಶಗಳು 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದವು. 1880ರ ದಶಕದಲ್ಲಿ ಪಾರಸಿಯ ಸ್ಥಾನಕ್ಕೆ ಬಂದ ಉರ್ದು ಅಲ್ಲಿನ ಆಡಳಿತ ಭಾಷೆಯಾಗಿತ್ತು. ಅಜ್ಜನ ಕಾಲದ ಕಾಗದದಲ್ಲಿ ಆತನ ಹೆಸರು ಉರ್ದು ಲಿಪಿಯಲ್ಲಿ, ತಂದೆಯ ಹೆಸರಿನ ಹಿಂದೆ ‘ವಲ್ದ್’ ಎಂಬ ಪದದೊಡನೆ ಇದ್ದೀತು. ತಂದೆಯ ಕಾಲದ ಕನ್ನಡ ಪಹಣಿಯಲ್ಲಿ ಅದೇ ಸಂಬಂಧ ‘ಶಿವಪ್ಪ ತಂದೆ ಬಸಪ್ಪ’ ಎಂಬ ಧಾಟಿಯಲ್ಲಿ ಬರುತ್ತದೆ. ಹಳೆಯ ಮೈಸೂರಿನ ಕಡೆ ಇದೇ ಕೆಲಸವನ್ನು ‘ಬಿನ್’ ಮಾಡುತ್ತದೆ. ವಿವಾಹಿತ ಸ್ತ್ರೀಯರ ಹೆಸರಿಗೆ ಅಲ್ಲಿ ‘ಕೋಂ’, ಇಲ್ಲಿ ‘ಗಂಡ’. ಹೈದರಾಬಾದಿನಲ್ಲಿ ಹುಟ್ಟಿ ಬೆಳೆದ ಮೊಮ್ಮಗನ ಗುರುತಿನ ಚೀಟಿಯಲ್ಲಿಯಾದರೋ ತೆಲುಗರ ಇಂಟಿಪೇರಿನ ಪದ್ಧತಿಗೆ ಅನುಸಾರವಾಗಿ ಅಡ್ಡಹೆಸರು ಮೊದಲಿಗೇ ಬಂದು ಕುಳಿತಿರುತ್ತದೆ.

‘ಶಿವಪ್ಪ ತಂದೆ ಬಸಪ್ಪ’ ಎಂಬ ಪ್ರಯೋಗ ಭಾಷಾದೃಷ್ಟಿಯಿಂದ ಸ್ವಾರಸ್ಯವಾದುದು. ‘ಶಿವಪ್ಪ, ಆತನ ತಂದೆ ಬಸಪ್ಪ’ ಎಂಬುದು ಸಂಕ್ಷೇಪಗೊಂಡು ಈ ರೂಪಕ್ಕೆ ಬಂದಿದೆ. ಷಷ್ಠೀ ವಿಭಕ್ತಿಯ ಪದ ಲೋಪವಾಗಿದ್ದರೂ ಆ ಭಾಗದವನಿಗೆ ಯಾರು ತಂದೆ, ಯಾರು ಮಗ ಎಂಬ ಸಂದೇಹ ಹುಟ್ಟುವುದೇ ಇಲ್ಲ. ಹೊರಗಿನವನು ಇದನ್ನು ‘ಶಿವಪ್ಪನೆಂಬ ತಂದೆ, ಬಸಪ್ಪನೆಂಬ ಮಗ’ ಎಂದು ಓದಿದರೆ ಒಂದು ತಲೆಮಾರು ತಿರುಗುಮುರುಗಾಗುತ್ತದೆ. ಪಾಲುವಿಭಾಗದ ದಾವೆಯಲ್ಲಿ ವಂಶಾವಳಿಯೇ ಹಕ್ಕಿನ ಬುನಾದಿ. ಅಲ್ಲಿ ತಲೆಮಾರು ತಪ್ಪಿದರೆ ಪಾಲಿನ ಲೆಕ್ಕವೇ ತಪ್ಪಿತು. ಕಾಗದದ ಮೇಲೆ ಇದನ್ನು ಒಂದೇ ಸಾಲಿನಲ್ಲಿ ಬರೆದು ಮುಗಿಸಬಹುದಾಗಿತ್ತು. ತೆರೆಯ ಮೇಲಿನ ನಮೂನೆ ಹೆಸರಿಗೊಂದು, ಸಂಬಂಧಕ್ಕೊಂದು, ತಂದೆ ಅಥವಾ ಗಂಡನ ಹೆಸರಿಗೊಂದು ಅಂಕಣವನ್ನು ಬೇರೆಬೇರೆಯಾಗಿ ಕೇಳುತ್ತದೆ. ಹಾಗೆ ಬಿಡಿಸಿ ಬರೆಯುವವನಿಗೆ ಈ ಪ್ರಾದೇಶಿಕ ಪ್ರಯೋಗ ತಿಳಿದಿರಲೇಬೇಕು.

ಇನ್ನು ರೋಮನ್ ಲಿಪಿಯ ತೊಂದರೆ. ನ್ಯಾಯಾಲಯದ ಜಾಲತಾಣದಲ್ಲಿ ಪಕ್ಷಕಾರರ ಹೆಸರಿನಿಂದ ಮೊಕದ್ದಮೆಯನ್ನು ಹುಡುಕುವ ಸೌಲಭ್ಯವಿದೆ. ಆದರೆ ನಮೂದಾದ ಕಾಗುಣಿತಕ್ಕೂ ಹುಡುಕುವವನ ಕಾಗುಣಿತಕ್ಕೂ ಹೊಂದಿಕೆಯಾಗಬೇಕು. ‘ಲಕ್ಷ್ಮಣ’ದ ಕ್ಷಕಾರಕ್ಕೆ ಕೆಲವರು ಮೂರು ರೋಮನ್ ಅಕ್ಷರಗಳನ್ನು ಬಳಸಿದರೆ ಕೆಲವರು ಎಕ್ಸ್ ಒಂದನ್ನೇ ಬಳಸುತ್ತಾರೆ. ತಕಾರಕ್ಕೆ ದಕ್ಷಿಣದವರು ಎಚ್ ಸೇರಿಸುತ್ತಾರೆ, ಉತ್ತರದವರು ಸೇರಿಸುವುದಿಲ್ಲ. ಲಕಾರ ಳಕಾರಗಳ ಭೇದ ಅಳಿದು ಬಾಲಪ್ಪ, ಬಾಳಪ್ಪ ಇಬ್ಬರೂ ಒಬ್ಬನೇ ಆಗುತ್ತಾರೆ. ಅದೇ ವೇಳೆ ಒಬ್ಬನೇ ಲಕ್ಷ್ಮಣ ನಾಲ್ವರಾಗುತ್ತಾನೆ. ಪ್ರತಿವಾದಿಯ ಕಡೆಯವನು ತನ್ನ ಮೇಲೆ ದಾವೆಯಿದೆಯೇ ಎಂದು ಹುಡುಕಿ, ಇಲ್ಲವೆಂದು ನೆಮ್ಮದಿಯಿಂದಿರುವಷ್ಟರಲ್ಲಿ ಏಕಪಕ್ಷೀಯ ಆದೇಶ ಆಗಿಬಿಡುವ ಅಪಾಯ ಇದರಲ್ಲಿದೆ. ಆದ್ದರಿಂದ ಆಸ್ತಿಯ ದಾಖಲೆಯಲ್ಲಿರುವ ರೂಪವನ್ನು ಆಧಾರವಾಗಿಟ್ಟುಕೊಂಡು, ಬೇರೆ ರೂಪಗಳನ್ನು ವಾದಪತ್ರದಲ್ಲಿ ‘ಉರುಫ್’ ಎಂದು ಸೇರಿಸುವುದು ಲೇಸು. ಸ್ಥಳೀಯ ಭಾಷೆಯಲ್ಲಿ ಹೆಸರು ತುಂಬಲು ಅವಕಾಶವಿದ್ದರೆ ಅದನ್ನು ಖಾಲಿ ಬಿಡಬಾರದು. ಹಳೆಯ ‘ಉರುಫ್’ ಎಂಬ ಅರಬ್ಬಿ ಪದ ಗಣಕಯುಗದಲ್ಲಿ ಹೀಗೆ ಮತ್ತೆ ಕೆಲಸಕ್ಕೆ ಬಂದಿರುವುದು ಕುತೂಹಲಕರ.

ವಾದಪತ್ರದ ವಿಚಾರ. ಸಂಹಿತೆಯ 6ನೆಯ ಆದೇಶದ 2ನೆಯ ನಿಯಮ, ಮುಖ್ಯ ಸಂಗತಿಗಳನ್ನು ಸಂಕ್ಷಿಪ್ತವಾಗಿ ಹೇಳಬೇಕು, ಸಾಕ್ಷ್ಯವನ್ನಲ್ಲ ಎನ್ನುತ್ತದೆ. ‘ಸದರಿ’, ‘ಮೇಲ್ಕಂಡ’ಗಳಿಂದ ತುಂಬಿ ಪುಟಗಟ್ಟಲೆ ಒಂದೇ ವಾಕ್ಯವಾಗಿ ಹರಿಯುವ ನಮ್ಮ ನ್ಯಾಯಾಲಯದ ಕನ್ನಡಕ್ಕೂ ಈ ನಿಯಮಕ್ಕೂ ಎಂದೂ ಹೊಂದಿಕೆಯಿರಲಿಲ್ಲ. ತೆರೆಯ ಮೇಲೆ ಓದುವ ನ್ಯಾಯಾಧೀಶನು ಪುಟದಿಂದ ಪುಟಕ್ಕೆ ಹಾರುತ್ತಾನೆ. ‘ಸದರಿ ಜಮೀನು’ ಯಾವುದೆಂದು ತಿಳಿಯಲು ಹಿಂದಿನ ಹನ್ನೆರಡು ಪುಟಗಳನ್ನು ತಿರುವಬೇಕಾದರೆ ಅದು ಬರೆದವನ ದೋಷವೇ. ಸರ್ವೆ ನಂಬರನ್ನು ಪ್ರತಿ ಸಲವೂ ಬರೆಯುವುದರಿಂದ ಶೈಲಿಗೆ ಕುಂದಾದರೂ ಅರ್ಥಕ್ಕೆ ಕುಂದಿಲ್ಲ.

ಬರೆದುದನ್ನು ಯಾವ ರೂಪದಲ್ಲಿ ಸಲ್ಲಿಸಬೇಕೆಂಬುದು ಇನ್ನೂ ಮುಖ್ಯ. ದಾಖಲೆಗಳು ಪಿಡಿಎಫ್ ರೂಪದಲ್ಲಿರಬೇಕು, ಸಾಧ್ಯವಾದ ಮಟ್ಟಿಗೆ ಪದ ಹುಡುಕಲು ಬರುವಂತಿರಬೇಕು ಎಂಬುದು ವಿದ್ಯುನ್ಮಾನ ಸಲ್ಲಿಕೆಯ ಸಾಮಾನ್ಯ ನಿರೀಕ್ಷೆ. ಇಲ್ಲಿ ಕನ್ನಡಕ್ಕೆ ತನ್ನದೇ ಆದ ತೊಡಕಿದೆ. ಯೂನಿಕೋಡ್ ಸಂಕೇತಕ್ರಮದಲ್ಲಿ ಕನ್ನಡಕ್ಕೆ 1991ರಿಂದಲೇ ಸ್ಥಾನವಿದ್ದರೂ ಬಹುಕಾಲ ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಅಕ್ಷರವಿನ್ಯಾಸಗಳಲ್ಲಿಯೇ ಬೆರಳಚ್ಚು ನಡೆಯಿತು. ಅಂಥ ಕಡತ ಕಣ್ಣಿಗೆ ಅಚ್ಚುಕಟ್ಟಾದ ಕನ್ನಡವಾಗಿ ಕಂಡರೂ ಗಣಕದ ಪಾಲಿಗೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಅದರಲ್ಲಿ ‘ಬಸಪ್ಪ’ ಎಂದು ಹುಡುಕಿದರೆ ಏನೂ ಸಿಗದು. ಅಚ್ಚಾದ ಹಾಳೆಯನ್ನು ಸ್ಕ್ಯಾನ್ ಮಾಡಿ ಕಳುಹಿಸಿದರೆ ಅದು ಬರಿಯ ಚಿತ್ರ. ಚಿತ್ರದಿಂದ ಅಕ್ಷರ ಗುರುತಿಸುವ ತಂತ್ರಗಳು ಬಂದಿವೆಯಾದರೂ ಸಾಲಿನ ಕೆಳಗೆ ಇಳಿಯುವ ಒತ್ತಕ್ಷರಗಳಲ್ಲಿ ಅವು ಎಡವುವುದುಂಟು. ಯೂನಿಕೋಡಿನಲ್ಲಿ ಬೆರಳಚ್ಚು ಮಾಡಿ ನೇರವಾಗಿ ಪಿಡಿಎಫ್ ಮಾಡುವುದೊಂದೇ ನಂಬಬಹುದಾದ ದಾರಿ. ಉರ್ದುವಿನ ಮೂಲ ಕಾಗದಗಳಿಗೆ ಬೇರೆ ಉಪಾಯವಿಲ್ಲ. ಚಿತ್ರವನ್ನೂ ಅದರೊಡನೆ ದೃಢೀಕೃತ ಕನ್ನಡ ಅನುವಾದವನ್ನೂ ಲಗತ್ತಿಸಬೇಕು. ಆ ಉರ್ದುವನ್ನು ಓದಬಲ್ಲ ಕನ್ನಡಿಗರು ವರ್ಷದಿಂದ ವರ್ಷಕ್ಕೆ ಕಡಮೆಯಾಗುತ್ತಿರುವುದು ಕನ್ನಡ ವಿಭಾಗಗಳು ಗಮನಿಸಬೇಕಾದ ಸಂಗತಿ.

ರುಜುವಿನ ವಿಷಯದಲ್ಲಿ ಅಷ್ಟು ಕಷ್ಟವಿಲ್ಲ. ವಾದಪತ್ರಕ್ಕೆ ಪಕ್ಷಕಾರನೂ ವಕೀಲನಿದ್ದರೆ ಆತನೂ ರುಜು ಹಾಕಬೇಕು. ವಿದ್ಯುನ್ಮಾನ ರುಜುವಿಗೆ 2000ದ ಮಾಹಿತಿ ತಂತ್ರಜ್ಞಾನ ಕಾಯಿದೆ ಮಾನ್ಯತೆ ಕೊಟ್ಟಿದೆ. ವಕೀಲರು ಡಿಜಿಟಲ್ ರುಜುವಿನ ಸಾಧನವನ್ನೋ ಆಧಾರ್ ಮೂಲಕ ಆಗುವ ಇ-ರುಜುವನ್ನೋ ಬಳಸುತ್ತಾರೆ. ಪ್ರಮಾಣಪತ್ರವನ್ನು ನೋಟರಿಯ ಮುಂದೆಯೂ ಮಾಡಬಹುದೆಂದು ಸಂಹಿತೆಯ 139ನೆಯ ಕಲಮು ಹೇಳುವುದರಿಂದ ಕುಷಾಯಿಗೂಡದವನು ಅದಕ್ಕಾಗಿ ಬೀದರಿಗೆ ಹೋಗಬೇಕಿಲ್ಲ. ಮುದ್ರಿತ ಪ್ರತಿಯನ್ನೂ ಕೊಡಬೇಕೇ ಎಂಬುದು ಆಯಾ ಉಚ್ಚ ನ್ಯಾಯಾಲಯದ ನಿಯಮಗಳಿಗೆ ಬಿಟ್ಟದ್ದು; ಮೊದಲೇ ವಿಚಾರಿಸಿಕೊಳ್ಳಬೇಕು.

ಶುಲ್ಕ ಪಾವತಿಸಿ ಸಲ್ಲಿಸಿದೊಡನೆ ಒಂದು ಸಂಖ್ಯೆ ಬರುತ್ತದೆ. ಹೊಸಬರು ಇದನ್ನೇ ದಾವೆಯ ಸಂಖ್ಯೆಯೆಂದು ಭಾವಿಸುತ್ತಾರೆ. ಅದು ಸಲ್ಲಿಕೆಯ ರಶೀದಿಯೇ ಹೊರತು ದಾವೆ ದಾಖಲಾದುದಕ್ಕೆ ಪುರಾವೆಯಲ್ಲ. ನ್ಯಾಯಾಲಯದ ಕಚೇರಿಯವರು ಪರಿಶೀಲಿಸಿ, ಶುಲ್ಕ ಕಡಮೆಯಾಗಿದೆ, ಪುಟ ಓದಲು ಬರುವುದಿಲ್ಲ, ಅನುವಾದವಿಲ್ಲ ಎಂದು ಮುಂತಾಗಿ ಆಕ್ಷೇಪಣೆ ಹಾಕಿ ಹಿಂದಿರುಗಿಸಬಹುದು. ಹಿಂದೆ ಗುಮಾಸ್ತನು ಶಿರಸ್ತೇದಾರನ ಮೇಜಿನ ಮುಂದೆ ನಿಂತು ಅಲ್ಲಿಯೇ ತಿದ್ದಿಕೊಡುತ್ತಿದ್ದನು. ಈಗ ಆಕ್ಷೇಪಣೆ ಮೌನವಾಗಿ ಖಾತೆಗೆ ಬಂದು ಕುಳಿತಿರುತ್ತದೆ. ದಿನವೂ ನೋಡುವ ಅಭ್ಯಾಸವಿಲ್ಲದವನಿಗೆ ಅದು ತಿಳಿಯುವುದೇ ಇಲ್ಲ. ಆಕ್ಷೇಪಣೆಗಳು ತೀರಿದ ಮೇಲೆ ದಾವೆಗೆ ನೋಂದಣಿ ಸಂಖ್ಯೆಯೂ ಸಿಎನ್‌ಆರ್ ಎಂಬ ಹದಿನಾರು ಅಂಕಾಕ್ಷರಗಳ ಗುರುತೂ ದೊರೆಯುತ್ತವೆ. ರಾಜ್ಯ, ಜಿಲ್ಲೆ, ನ್ಯಾಯಾಲಯ, ಕ್ರಮಾಂಕ, ವರ್ಷ ಇವೆಲ್ಲ ಅದರಲ್ಲಿ ಅಡಗಿವೆ. ಕರ್ನಾಟಕದ್ದು ಕೆ-ಎ ಎಂದೂ ತೆಲಂಗಾಣದ್ದು ಟಿ-ಎಸ್ ಎಂದೂ ಮೊದಲಾಗುತ್ತದೆ. ಹೆಸರಿನ ಕಾಗುಣಿತದ ಗೋಜಿಲ್ಲದ ಗುರುತು ಇದೊಂದೇ ಆದುದರಿಂದ ಇದನ್ನು ಬರೆದಿಟ್ಟುಕೊಳ್ಳುವುದು ಅವಶ್ಯ.

ಬೀದರಿನ ನ್ಯಾಯಾಲಯದಲ್ಲಿ ಕನ್ನಡದ ವಾದಪತ್ರ ಸಲ್ಲುತ್ತದೆ. ದಾವೆಯ ಮೇಲ್ಮನವಿ ಉಚ್ಚ ನ್ಯಾಯಾಲಯಕ್ಕೆ ಹೋಗುವಂಥದಾದರೆ ಅದು ಸೇರುವುದು 2013ರಲ್ಲಿ ಖಾಯಂ ಆದ ಕಲಬುರಗಿ ಪೀಠವನ್ನು. ಸಂವಿಧಾನದ 348ನೆಯ ವಿಧಿಯಂತೆ ಅಲ್ಲಿಯ ಭಾಷೆ ಇಂಗ್ಲಿಷು. ಉರ್ದುವಿನಿಂದ ಕನ್ನಡಕ್ಕೆ ಬಂದ ಕಾಗದ ಈಗ ಕನ್ನಡದಿಂದ ಇಂಗ್ಲಿಷಿಗೆ ಹೋಗಬೇಕು, ಪ್ರತಿ ದಾಟುವಿಕೆಯಲ್ಲೂ ಹೆಸರುಗಳು ಮತ್ತೊಮ್ಮೆ ಬರೆಯಲ್ಪಡಬೇಕು. ಈ ಮೇಲ್ಮನವಿಗೆ ಇರುವ ಅವಧಿ 90 ದಿನಗಳು. ತೀರ್ಪಿನ ನಕಲು ಪಡೆಯಲು ಹಿಡಿದ ದಿನಗಳನ್ನು ಕಾಲಮಿತಿ ಕಾಯಿದೆಯ 12ನೆಯ ಕಲಮು ಈ ಲೆಕ್ಕದಿಂದ ಬಿಡುತ್ತದೆ. ಅನುವಾದಕನು ತೆಗೆದುಕೊಂಡ ದಿನಗಳಿಗೆ ಆ ಕಲಮಿನಲ್ಲಿ ಅಂಥ ರಿಯಾಯಿತಿ ಇಲ್ಲ.